ಅರ್ಧ ನಿಮಿಷದ ಕೀಲಿ

ಈ ವಾರ ಬ್ಯಾಟರಿಯ ಬಗ್ಗೆ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಹಳೆಯ ಸೂಪರ್ 8 ಕ್ಯಾಮೆರಾ ಕೊಂಡವರು ಹೆಚ್ಚಾಗಿ ಕೇಳುವುದು ಇದನ್ನೇ: ಮೋಟಾರು ಸರಾಗವಾಗಿ ಓಡುತ್ತದೆ, ಬೆಳಕಿನ ಮೀಟರು ಮಾತ್ರ ತೋಚಿದ್ದು ತೋರಿಸುತ್ತದೆ, ಏನು ಮಾಡಲಿ? ಉತ್ತರ ಚಿಕ್ಕದು. ಆ ಕಾಲದ ಎಷ್ಟೋ ಕ್ಯಾಮೆರಾಗಳಲ್ಲಿ ಮೀಟರಿಗೆಂದೇ ಬೇರೆ ಗುಂಡಿ ಬ್ಯಾಟರಿ ಇರುತ್ತಿತ್ತು. ಅದು ಪಾದರಸದ್ದು, 1.35 ವೋಲ್ಟಿನದು. ಪಾದರಸ ವಿಷವೆಂದು ಅದರ ತಯಾರಿಕೆ ನಿಂತಿತು. ಈಗ ಅದೇ ಗಾತ್ರದಲ್ಲಿ ಸಿಗುವ ಆಲ್ಕಲೈನ್ ಬ್ಯಾಟರಿ 1.5 ವೋಲ್ಟಿನದು, ಬಳಸಿದಂತೆಲ್ಲ ಇಳಿಯುತ್ತಲೂ ಹೋಗುತ್ತದೆ. ಹೀಗಾಗಿ ಮೀಟರು ಮೊದಲು ಒಂದು ಸುಳ್ಳು, ಆಮೇಲೆ ಇನ್ನೊಂದು ಸುಳ್ಳು ಹೇಳುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ ಜಿಂಕ್-ಏರ್ ಬ್ಯಾಟರಿ ತೆಗೆದುಕೊಳ್ಳಿ. 1.4 ವೋಲ್ಟಿನ ಆಸುಪಾಸಿನಲ್ಲಿ ಕದಲದೆ ನಿಲ್ಲುತ್ತದೆ. ಸುತ್ತ ಒಂದು ರಬ್ಬರ್ ಉಂಗುರ ಹಾಕಿ ಗೂಡಿನಲ್ಲಿ ಕೂರಿಸಿದರೆ ಸಾಕು. ಒಣಗಿದಾಗ ಬದಲಿಸಿ.

ಬ್ಯಾಟರಿಯ ವಿಷಯ ಇಲ್ಲಿಗೆ ಮುಗಿಯಿತು. ಆ ಪ್ರಶ್ನೆ ಬಂದಾಗಲೆಲ್ಲ ನನ್ನೊಳಗೆ ಏಳುವ ಇನ್ನೊಂದು ಪ್ರಶ್ನೆ ಇದೆ, ಈ ವಾರದ ಜಾಗ ಅದಕ್ಕೇ ಇರಲಿ. ಬ್ಯಾಟರಿಯೇ ಬೇಡದ, ಕೀಲಿ ಕೊಟ್ಟರೆ ಓಡುವ ಕ್ಯಾಮೆರಾ ಪಕ್ಕದಲ್ಲೇ ಕೂತಿರುವಾಗ ಜನ ಅದನ್ನು ದಾಟಿ ಹೋಗಿ ಸೂಪರ್ 8 ಎತ್ತಿಕೊಳ್ಳುವುದೇಕೆ?

ಸೂಪರ್ 8 ಪಂಥದವರ ಜೊತೆ ನನ್ನ ಜಗಳ ಹಳೆಯದು, ಈ ಅಂಕಣ ಓದುವವರಿಗೆ ಗೊತ್ತು. ಅವರ ಪಕ್ಷದಲ್ಲಿರುವ ನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. 1965ರಲ್ಲಿ ಕೊಡಾಕ್ ಕಂಪನಿ ಸೂಪರ್ 8 ತಂದಾಗ ಫಿಲ್ಮಿನ ಅಂಚಿನ ರಂಧ್ರಗಳನ್ನು ಕಿರಿದು ಮಾಡಿ ಚಿತ್ರಕ್ಕೆ ಹೆಚ್ಚು ಜಾಗ ಕೊಟ್ಟಿತು. 1932ರಿಂದ ನಡೆದುಬಂದಿದ್ದ ಹಳೆಯ 8 ಮಿ.ಮೀ., ಅಂದರೆ ಡಬಲ್ 8ರ ಚೌಕಟ್ಟಿಗಿಂತ ಅದು ಹತ್ತಿರಹತ್ತಿರ ಒಂದೂವರೆ ಪಟ್ಟು ದೊಡ್ಡದು. ನೆರಳು ಹುಡುಕಿ ಫಿಲ್ಮ್ ಪೋಣಿಸುವ ಕಷ್ಟವಿಲ್ಲ, ಅರ್ಧಕ್ಕೆ ನಿಲ್ಲಿಸಿ ಸುರುಳಿ ತಿರುವಿ ಹಾಕುವುದೂ ಇಲ್ಲ. 50 ಅಡಿಯ ಡಬ್ಬಿ ತುರುಕಿ ಮುಚ್ಚಳ ಮುಚ್ಚಿದರೆ 3600 ಫ್ರೇಮು ಸಿದ್ಧ.

ಆದರೆ ಅದೇ ಡಬ್ಬಿಯೊಳಗೆ ಕೊಡಾಕ್‌ನವರು ಪ್ರೆಶರ್ ಪ್ಲೇಟನ್ನೂ ಸೇರಿಸಿದರು, ಅದೂ ಪ್ಲಾಸ್ಟಿಕ್ಕಿನಲ್ಲಿ. ಫಿಲ್ಮನ್ನು ಗೇಟಿಗೆ ಒತ್ತಿ ಸಪಾಟಾಗಿ ಹಿಡಿಯುವುದು ಆ ಪ್ಲೇಟಿನ ಕೆಲಸ. ಫೋಕಸ್ ನಿಲ್ಲುವುದೂ ಚಿತ್ರ ಅಲುಗದಿರುವುದೂ ಅದರ ಮೇಲೆಯೇ. ಹಳೆಯ 8ರ ಕ್ಯಾಮೆರಾದಲ್ಲಿ ಅದು ಲೋಹದ್ದು, ಕ್ಯಾಮೆರಾದ ಅಂಗವೇ ಆಗಿ ಕೂತಿರುತ್ತದೆ, ಬಟ್ಟೆಯಲ್ಲಿ ಒರೆಸಿ ನಯ ನೋಡಬಹುದು. ಸೂಪರ್ 8ರಲ್ಲಿ ಪ್ರತಿ ಡಬ್ಬಿಗೂ ಹೊಸ ಪ್ಲೇಟು, ಹೇಗಿದೆಯೋ ನೋಡುವ ದಾರಿಯಿಲ್ಲ. ಲೆನ್ಸಿಗೆ ಎಷ್ಟು ಹಣ ಸುರಿದರೂ ಅದರ ಹಿಂದೆ ನಿಲ್ಲುವುದು ಆ ಪ್ಲಾಸ್ಟಿಕ್ಕೇ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಆ ಡಬ್ಬಿಯಲ್ಲಿ ಫಿಲ್ಮು ಮುಂದಕ್ಕೆ ಮಾತ್ರ ಹೋಗುತ್ತದೆ. ಡಿಸಾಲ್ವ್ ಸೌಲಭ್ಯವಿರುವ ದುಬಾರಿ ಮಾದರಿಗಳಲ್ಲೂ ಹಿಂದಕ್ಕೆ ಸುತ್ತಲಾಗುವುದು ನೂರು ಫ್ರೇಮಿನಷ್ಟು. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬೀಳಿಸುವ ಕಲೆಯನ್ನು ಹವ್ಯಾಸಿಯ ಕೈಯಿಂದ ಕಸಿದುಕೊಂಡದ್ದು ಆ ಡಬ್ಬಿ. ಹೀಗೇ ಆಗಬೇಕಿರಲಿಲ್ಲ. ಅದೇ 1965ರಲ್ಲಿ ಜಪಾನಿನ ಫ್ಯೂಜಿ ಕಂಪನಿ ಸಿಂಗಲ್ 8 ತಂದಿತು. ಅದೇ ಅಳತೆಯ ಫ್ರೇಮು, ತೆಳುವಾದ ಪಾಲಿಯೆಸ್ಟರ್ ಫಿಲ್ಮು, ಪ್ರೆಶರ್ ಪ್ಲೇಟು ಕ್ಯಾಮೆರಾದೊಳಗೆ, ಎರಡು ಸುರುಳಿಗಳು ಒಂದರ ಮೇಲೊಂದು ಬೇರೆಬೇರೆಯಾಗಿ ಇದ್ದುದರಿಂದ ಪೂರ್ತಿ ಹಿಂದಕ್ಕೂ ಸುತ್ತಬಹುದಿತ್ತು. ಉತ್ತಮವಾದದ್ದು ಸೋತಿತು, ಮಾರುಕಟ್ಟೆ ದೊಡ್ಡದಿದ್ದದ್ದು ಗೆದ್ದಿತು. 2023ರ ಕೊನೆಯಲ್ಲಿ ಕೊಡಾಕ್ 5495 ಡಾಲರ್ ಬೆಲೆಯ ಹೊಸ ಸೂಪರ್ 8 ಕ್ಯಾಮೆರಾ ಬಿಡುಗಡೆ ಮಾಡಿದಾಗ ಇಲ್ಲಿಯ ಗೆಳೆಯರು ಸಂಭ್ರಮಪಟ್ಟರು. ಅದರಲ್ಲೂ ಕೂರುವುದು ಅದೇ ಡಬ್ಬಿ.

ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಗೀರು, ಧೂಳು, ನಡುಕ ಹಚ್ಚಿ 8 ಮಿ.ಮೀ. ಎಂದು ಕರೆಯುವ ಆ್ಯಪುಗಳ ಬಗ್ಗೆ ಹೆಚ್ಚು ಬರೆಯಲಾರೆ. ಗೇಟು ಒರೆಸದವನ ಫಿಲ್ಮಿನ ಮೇಲೆ ಗೀರು ಬೀಳುತ್ತದೆ, ಲೂಪ್ ಸರಿಯಾಗಿ ಬಿಡದವನ ಚಿತ್ರ ನಡುಗುತ್ತದೆ. ಚೆನ್ನಾಗಿಟ್ಟ ಕ್ಯಾಮೆರಾದಿಂದ ಬಂದ ಹಳೆಯ ಕೊಡಾಕ್ರೋಮ್ ರೀಲನ್ನು ಒಮ್ಮೆ ಪರದೆಯ ಮೇಲೆ ನೋಡಿದವರು ಆ ನಕಲಿ ಕೊಳೆಯನ್ನು ಸಹಿಸಲಾರರು.

ಹಾಗಾದರೆ ಏನು ಕೊಳ್ಳಬೇಕು? ಹಣವಿದ್ದರೆ ಸ್ವಿಟ್ಜರ್ಲೆಂಡಿನ ಪೈಯಾರ್ ಕಂಪನಿಯ ಬೋಲೆಕ್ಸ್ ಎಚ್ 16. 1935ರಲ್ಲಿ ಬಂದ ಕ್ಯಾಮೆರಾ, 16 ಮಿ.ಮೀ. ಫಿಲ್ಮನ್ನು ಕೊಡಾಕ್ ಇವತ್ತಿಗೂ ತಯಾರಿಸುತ್ತಿದೆ. ಅಷ್ಟು ಹಣವಿಲ್ಲದಿದ್ದರೆ ಅದರ ತಮ್ಮ ಎಚ್ 8, ಅದೂ ಆಗದಿದ್ದರೆ ಅಂಗೈಯಲ್ಲಿ ಹಿಡಿಯುವ ಯಾವುದಾದರೂ ಕೀಲಿಯ ಡಬಲ್ 8. ಡಬಲ್ 8ಕ್ಕೆ ಫಿಲ್ಮು ಎಲ್ಲಿ ಸಿಗುತ್ತದೆ ಎಂದು ಎದುರು ಪಕ್ಷದವರು ಕೇಳುತ್ತಾರೆ, ಸರಿಯಾದ ಪ್ರಶ್ನೆಯೇ. ಜೆಕ್ ದೇಶದ ಫೋಮಾ ಕಂಪನಿ ಆರ್ 100 ಎಂಬ ಕಪ್ಪುಬಿಳುಪು ರಿವರ್ಸಲ್ ಫಿಲ್ಮನ್ನು ಈ ಅಳತೆಯಲ್ಲಿ ತಯಾರಿಸುತ್ತದೆ. ಸೋವಿಯತ್ ಕಾಲದ ಲೋಮೋ ಟ್ಯಾಂಕ್ ಒಂದು ಸಿಕ್ಕಿದರೆ ಮನೆಯ ಬಚ್ಚಲಲ್ಲೇ ತೊಳೆಯಬಹುದು. ಅದನ್ನು ನೆಗೆಟಿವ್ ಆಗಿ ತೊಳೆಯಲು ಮಾತ್ರ ಹೋಗಬೇಡಿ. ಫಿಲ್ಮಿನಲ್ಲಿ ಒಂದು ಬೆಳ್ಳಿಯ ಪದರವಿದೆ, ರಿವರ್ಸಲ್‌ನ ಬ್ಲೀಚ್ ಹಂತದಲ್ಲಷ್ಟೇ ಅದು ಕರಗುತ್ತದೆ.

ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಕ್ಯಾಮೆರಾ ಸಿಗಲಿ, ನೆಂಟರ ಮನೆಯ ಅಟ್ಟದಲ್ಲಿ ಸಿಗಲಿ, ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಿ. ಪೂರ್ತಿ ಕೀಲಿ ಕೊಟ್ಟು 16ರ ವೇಗದಲ್ಲಿ, ಅಂದರೆ ಸೆಕೆಂಡಿಗೆ 16 ಫ್ರೇಮಿನಂತೆ, ಓಡಿಸಿ. ಸದ್ದು ಮೊದಲಿನಿಂದ ಕಡೆಯವರೆಗೆ ಒಂದೇ ಶ್ರುತಿಯಲ್ಲಿರಬೇಕು. ನಡುವೆ ಶ್ರುತಿ ಇಳಿದರೆ ಗ್ರೀಸು ಗಟ್ಟಿಯಾಗಿದೆ ಎಂದರ್ಥ. ಅಂಥದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ನಮ್ಮಲ್ಲಿ ಬಹಳ ಜನರಿಗೆ ಅಭ್ಯಾಸ, ದಯವಿಟ್ಟು ಮಾಡಬೇಡಿ. ಎಣ್ಣೆ ಹರಿದು ಶಟರಿಗೂ ಲೆನ್ಸಿಗೂ ಹತ್ತುತ್ತದೆ, ಹಳೆಯ ಗ್ರೀಸು ಮಾತ್ರ ಅಲ್ಲೇ ಉಳಿಯುತ್ತದೆ. ಪೂರ್ತಿ ಬಿಚ್ಚಿ ತೊಳೆದು ಹೊಸ ಗ್ರೀಸು ಹಾಕುವ ಕೈಯನ್ನೇ ಹುಡುಕಬೇಕು. ಎಚ್ 16 ಆದರೆ ಮುಚ್ಚಳ ತೆಗೆದು ಹಲ್ಲುಚಕ್ರ ನೋಡಿ. ಎರಡೂ ಅಂಚಿನಲ್ಲಿ ಹಲ್ಲಿದ್ದರೆ ಅದು ಹಳೆಯ ಮಾದರಿ, ಈಗ ಸಾಮಾನ್ಯವಾಗಿ ಸಿಗುವ ಒಂದೇ ಅಂಚಿನ ರಂಧ್ರದ ಫಿಲ್ಮನ್ನು ಅದು ಹರಿದುಹಾಕುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಬೂಷ್ಟಿನ ಎಳೆಗಳು ಕಾಣುತ್ತವೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದ್ದು ಬಂದ ಕ್ಯಾಮೆರಾ ಆದರೆ ಇದನ್ನು ಮರೆಯಲೇಬೇಡಿ. ತಂದ ಮೇಲೆ ಆ ಚಂದದ ಚರ್ಮದ ಚೀಲದಿಂದ ಹೊರಗೆ ತೆಗೆದಿಡಿ. ಮಳೆಗಾಲದ ತೇವವನ್ನು ಹೀರಿ ಲೆನ್ಸಿಗೆ ಉಣಿಸುವುದು ಆ ಚರ್ಮವೇ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಕೀಲಿ ಪೂರ್ತಿ ಇಳಿಸಿದ ಸ್ಪ್ರಿಂಗು. ಇಷ್ಟಿದ್ದರೆ ಇನ್ನೂ ಒಂದು ತಲೆಮಾರಿಗೆ ಬಾಳುತ್ತದೆ.

ವೇಗವನ್ನೂ ಅಳೆಯಬೇಕು. ಹಾಳಾದ ಫಿಲ್ಮ್ ತುಂಡೊಂದನ್ನು ಪೋಣಿಸಿ, ಗೇಟಿನ ಎದುರು ಪೆನ್ನಿನಿಂದ ಗುರುತು ಹಾಕಿ, ಗಡಿಯಾರ ನೋಡಿಕೊಂಡು 10 ಸೆಕೆಂಡು ಓಡಿಸಿ, ಮತ್ತೆ ಗುರುತು ಹಾಕಿ. ಹಳೆಯ 8ರಲ್ಲಿ ಅಡಿಗೆ 80 ಫ್ರೇಮು. 16ರ ವೇಗವಾದರೆ ಎರಡು ಗುರುತಿನ ನಡುವೆ ಸರಿಯಾಗಿ ಎರಡು ಅಡಿ ಇರಬೇಕು. ಹೆಚ್ಚಿನ ಕ್ಯಾಮೆರಾಗಳು ಸ್ವಲ್ಪ ಆಚೀಚೆ ಇರುತ್ತವೆ, ಹೊಸದಾಗಿದ್ದಾಗಲೂ ಇದ್ದವು. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಬ್ರಹಾಂ ಝಪ್ರೂಡರ್ ಹಿಡಿದಿದ್ದ ಬೆಲ್ ಅಂಡ್ ಹೋವೆಲ್ ಕೂಡ ಕೀಲಿಯ ಡಬಲ್ 8 ಕ್ಯಾಮೆರಾವೇ. ಕೆನಡಿ ಹತ್ಯೆಯ ಆ ಫಿಲ್ಮಿನಲ್ಲಿರುವುದು 486 ಫ್ರೇಮು. ಎಫ್‌ಬಿಐ ಆ ಕ್ಯಾಮೆರಾವನ್ನು ಪರೀಕ್ಷಿಸಿದಾಗ ವೇಗ 16 ಇರಲಿಲ್ಲ, ಸರಾಸರಿ 18.3 ಬಂತು. ಗುಂಡುಗಳ ನಡುವಿನ ಕಾಲವನ್ನು ವಾರೆನ್ ಆಯೋಗ ಲೆಕ್ಕ ಹಾಕಿದ್ದು ಈ ಸಂಖ್ಯೆಯ ಮೇಲೆ. ಒಂದು ದೇಶದ ಅತಿದೊಡ್ಡ ತನಿಖೆಗೆ ಗಡಿಯಾರವಾದದ್ದು ಅಂಗೈಯಗಲದ ಕ್ಯಾಮೆರಾದೊಳಗಿನ ಸ್ಪ್ರಿಂಗು.

ಕೀಲಿಯ ಕ್ಯಾಮೆರಾದ ನಿಜವಾದ ಹಿರಿಮೆ ಅದರ ಗಟ್ಟಿತನದಲ್ಲಿದೆ ಎಂದು ಬರೆಯಲು ಹೊರಟಿದ್ದೆ. ಆದರೆ ಎಚ್ 16 ಎಂದು ಬರೆದ ಮೇಲೆ ಮಾಯಾ ಡೆರೆನ್ ನೆನಪಾಗದೆ ಇರುವುದಿಲ್ಲ. ಆಕೆಯ ಮೂರು ನಿಮಿಷದ ಚಿತ್ರವೊಂದನ್ನು ಇಲ್ಲಿ ಪೂರ್ತಿಯಾಗಿ ಹೇಳಿಬಿಡುತ್ತೇನೆ. ನನ್ನ ವಾದವನ್ನು ಅದು ನನಗಿಂತ ಚೆನ್ನಾಗಿ ಮಾಡುತ್ತದೆ.

ಡೆರೆನ್ ಹುಟ್ಟಿದ್ದು 1917ರಲ್ಲಿ ಕೀವ್‌ನಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ತಂದೆ ತೀರಿಕೊಂಡಾಗ ಬಂದ ಹಣದಿಂದ 1943ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೋಲೆಕ್ಸ್ ಕೊಂಡಳು. ಆ ವರ್ಷವೇ ಗಂಡ ಅಲೆಕ್ಸಾಂಡರ್ ಹಮ್ಮಿದ್ ಜೊತೆ ‘ಮೆಶಸ್ ಆಫ್ ದಿ ಆಫ್ಟರ್‌ನೂನ್’ ತೆಗೆದಳು. ಅದರಲ್ಲಿ ಒಂದೇ ಮೇಜಿನ ಸುತ್ತ ಮೂವರು ಮಾಯಾ ಕೂತಿರುತ್ತಾರೆ. ಫಿಲ್ಮನ್ನು ಹಿಂದಕ್ಕೆ ಸುತ್ತುವ ಕ್ಯಾಮೆರಾ ಹವ್ಯಾಸಿಯ ಕೈಗೆ ಏನೆಲ್ಲ ಕೊಡಬಲ್ಲದು ಎಂಬುದನ್ನು ಆ ಮೇಜಿನ ಎದುರು ಕೂತು ಕಲಿಯಬೇಕು.

ನಾನು ಹೇಳಹೊರಟ ಚಿತ್ರ ಎರಡು ವರ್ಷ ಈಚಿನದು, 1945ರ ‘ಎ ಸ್ಟಡಿ ಇನ್ ಕೊರಿಯಾಗ್ರಫಿ ಫಾರ್ ಕ್ಯಾಮೆರಾ’. ಮಾತಿಲ್ಲ, ಸಂಗೀತವಿಲ್ಲ. ಇರುವುದು ಟ್ಯಾಲಿ ಬೀಟಿ ಎಂಬ ನರ್ತಕ ಮತ್ತು ಕ್ಯಾಮೆರಾ. ಮೊದಲಿಗೆ ಬರ್ಚ್ ಮರಗಳ ಕಾಡು. ಕ್ಯಾಮೆರಾ ನಿಧಾನವಾಗಿ ಸುತ್ತ ತಿರುಗುತ್ತದೆ. ಒಂದು ಕಡೆ ನರ್ತಕ ಕಾಣಿಸಿ ದಾಟಿ ಹೋಗುತ್ತಾನೆ. ಕ್ಯಾಮೆರಾ ತಿರುಗುತ್ತಲೇ ಇರುತ್ತದೆ, ಇನ್ನೊಂದು ಕಡೆ ಮತ್ತೆ ಅವನೇ, ಅಲ್ಲಿಗೆ ನಡೆದು ಬರಲು ಅವನಿಗೆ ಪುರುಸೊತ್ತೇ ಇರಲಿಲ್ಲ. ಹಲವು ತುಣುಕುಗಳನ್ನು ಒಂದೇ ಬೀಸಿನಂತೆ ಹೆಣೆಯಲಾಗಿದೆ, ಗಂಟು ಕಣ್ಣಿಗೆ ಸಿಗುವುದಿಲ್ಲ. ಕಾಡಿನಲ್ಲಿ ಎತ್ತಿದ ಅವನ ಕಾಲು ಕೆಳಗಿಳಿಯುವುದು ಒಂದು ಮನೆಯ ಕೋಣೆಯೊಳಗೆ. ಕೋಣೆಯಿಂದ ಹೊರಟ ದೇಹ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಈಜಿಪ್ಟ್ ವಿಭಾಗದ ವಿಶಾಲ ಹಜಾರಕ್ಕೆ ಬಂದು ಸೇರುತ್ತದೆ. ಚಲನೆ ಎಲ್ಲೂ ತುಂಡಾಗುವುದಿಲ್ಲ, ಬದಲಾಗುವುದು ಸ್ಥಳ ಮಾತ್ರ. ಆಮೇಲೆ ಹಲವು ಮುಖಗಳ ಬುದ್ಧನ ವಿಗ್ರಹದ ಮುಂದೆ ಅವನು ನಿಂತಲ್ಲೇ ಸುತ್ತತೊಡಗುತ್ತಾನೆ. ಮೊದಮೊದಲು ನೀರಿನಲ್ಲಿ ತಿರುಗಿದಷ್ಟು ನಿಧಾನ, ಬರಬರುತ್ತ ವೇಗ, ಕಡೆಗೆ ಮುಖವೇ ಗುರುತು ಸಿಗದಷ್ಟು ವೇಗ. ಆಮೇಲೆ ಜಿಗಿತ. ಏರುತ್ತಾನೆ, ತೇಲುತ್ತಾನೆ, ಇನ್ನೂ ತೇಲುತ್ತಾನೆ, ಯಾವ ಮನುಷ್ಯನಿಗೂ ಸಾಧ್ಯವಿಲ್ಲದಷ್ಟು ಹೊತ್ತು ಗಾಳಿಯಲ್ಲಿದ್ದು, ಬಯಲಿನಲ್ಲಿ ಇಳಿದು ಮಂಡಿ ಬಾಗಿಸಿ ಕೂರುತ್ತಾನೆ.

ಕ್ಯಾಮೆರಾ ಅಲ್ಲಿ ನೃತ್ಯವನ್ನು ದಾಖಲಿಸಿ ಸುಮ್ಮನಾಗುವುದಿಲ್ಲ, ತಾನೂ ನರ್ತಿಸುತ್ತದೆ. ಆ ಕಾಲದ ಎಚ್ 16ರ ವೇಗದ ಗುಂಡಿಯಲ್ಲಿ 8ರಿಂದ 64ರವರೆಗೆ ಗುರುತುಗಳಿವೆ. ಕ್ಯಾಮೆರಾ ಓಡುತ್ತಿರುವಾಗಲೇ ಅದನ್ನು ತಿರುಗಿಸಬಹುದು. ಇಂಥ ಕ್ಯಾಮೆರಾದಲ್ಲಿ ಪೂರ್ತಿ ಕೀಲಿ 24ರ ವೇಗದಲ್ಲಿ ಅರ್ಧ ನಿಮಿಷದ ಆಸುಪಾಸು ಬರುತ್ತದೆ, 64ರಲ್ಲಿ ಹತ್ತು ಸೆಕೆಂಡಿನಷ್ಟು. ಇದನ್ನು ಕೊರತೆ ಎನ್ನುವವರಿದ್ದಾರೆ. ಬೆರಳು ಒತ್ತುವ ಮೊದಲೇ ಶಾಟು ಎಲ್ಲಿ ಶುರು, ಎಲ್ಲಿ ಕೊನೆ ಎಂದು ತೀರ್ಮಾನಿಸಿರಬೇಕಾದವನಿಗೆ ಅರ್ಧ ನಿಮಿಷ ಧಾರಾಳ. ಡೆರೆನ್‌ಳ ಜಿಗಿತ ಇಡಿಯಾಗಿ ಒಂದು ಶಾಟಿನಲ್ಲಿಲ್ಲ. ಏರುವುದು, ತೇಲುವುದು, ಇಳಿಯುವುದು ಬೇರೆಬೇರೆ ತುಣುಕುಗಳು. ಒಂದೊಂದೂ ಎಲ್ಲಿ ಮುಗಿದು ಮುಂದಿನದಕ್ಕೆ ಹೇಗೆ ಕೈಕೊಡಬೇಕು ಎಂದು ಮೊದಲೇ ಯೋಚಿಸದೆ ಅದು ಹುಟ್ಟುವುದು ಸಾಧ್ಯವಿಲ್ಲ.

ಕೀಲಿಯ ಕ್ಯಾಮೆರಾ ಇರುವವರು ಇದನ್ನು ಮಾಡಿ ನೋಡಬೇಕೆಂಬುದು ನನ್ನ ಆಸೆ. ಎತ್ತರದ ಜಗುಲಿ, ಹಾರಲು ಹೆದರದ ಒಬ್ಬ ಹುಡುಗ ಅಥವಾ ಹುಡುಗಿ, ಮೋಡವಿಲ್ಲದ ಬೆಳಗು. ಕ್ಯಾಮೆರಾ ನೆಲಕ್ಕೆ ಹತ್ತಿರವಿರಲಿ, ಹಿಂದೆ ಆಕಾಶ ಬಿಟ್ಟು ಬೇರೇನೂ ಕಾಣಬಾರದು. ಮರವೋ ಕಂಬವೋ ಬಂದರೆ ಎಷ್ಟು ಎತ್ತರ ಎಂಬುದು ಬಯಲಾಗುತ್ತದೆ. ಏರುವುದನ್ನು 32ರಲ್ಲಿ, ತೇಲುವುದನ್ನು 64ರಲ್ಲಿ, ಇಳಿಯುವುದನ್ನು ಮತ್ತೆ 32ರಲ್ಲಿ ತೆಗೆಯಿರಿ. ತೇಲುವ ಶಾಟಿಗೆ ಮೂರು ನಾಲ್ಕು ಸಲ ಹಾರಿಸಿ, ಪ್ರತಿ ಸಲವೂ ದೇಹ ಚೌಕಟ್ಟಿನೊಳಗೆ ಬಂದಾಗ ಶುರುವಾಗಿ ಹೊರಹೋಗುವ ಮೊದಲು ನಿಲ್ಲಬೇಕು. ವೇಗ ಇಮ್ಮಡಿಯಾದಾಗ ಫಿಲ್ಮಿಗೆ ತಲುಪುವ ಬೆಳಕು ಅರ್ಧವಾಗುತ್ತದೆ, 32ರಿಂದ 64ಕ್ಕೆ ಹೋದಾಗ ಅಪರ್ಚರ್ ಒಂದು ಸ್ಟಾಪ್ ತೆರೆಯಿರಿ. ಸುತ್ತುವ ಶಾಟನ್ನೂ ತೆಗೆಯುವ ಧೈರ್ಯವಿದ್ದರೆ 64ರಿಂದ 8ಕ್ಕೆ ಇಳಿಯುವಾಗ ಮೂರು ಸ್ಟಾಪ್ ಮುಚ್ಚುತ್ತ ಬರಬೇಕು, 4ರಿಂದ 11ಕ್ಕೆ. ಒಬ್ಬರು ವೇಗದ ಗುಂಡಿ, ಇನ್ನೊಬ್ಬರು ಲೆನ್ಸಿನ ಉಂಗುರ ಹಿಡಿದರೆ ಸುಲಭ. 64ರಲ್ಲಿ ಡಬಲ್ 8ರ ಒಂದು ಮಗ್ಗುಲಿನ 25 ಅಡಿ ಅರ್ಧ ನಿಮಿಷಕ್ಕೆ ಮುಗಿದುಹೋಗುವುದರಿಂದ ಮೊದಲು ಖಾಲಿ ಕ್ಯಾಮೆರಾದಲ್ಲಿ ಅಭ್ಯಾಸ ಮಾಡಿಕೊಳ್ಳಿ. ಆ ಅಭ್ಯಾಸ 16ರಲ್ಲೋ 24ರಲ್ಲೋ ನಡೆಯಲಿ. ಫಿಲ್ಮಿಲ್ಲದೆ 64ರಲ್ಲಿ ಓಡಿಸಿದರೆ ಹಿಡಿತವಿಲ್ಲದ ಸ್ಪ್ರಿಂಗು ಒಳಗಿನ ಗೇರುಗಳನ್ನು ತಿನ್ನುತ್ತದೆ.