‘ಕಲಿತೆ’ ಮತ್ತು ‘ತಿಳಿಯಿತು’: ವಿದ್ಯಾರ್ಥಿಗಳ ಕಲಿಕಾ ದಿನಚರಿಯ ವ್ಯಾಕರಣ

ವಿದ್ಯಾರ್ಥಿಯು ತನ್ನ ಕಲಿಕೆಯನ್ನು ಕುರಿತು ತಾನೇ ಬರೆಯಬೇಕೆಂಬ ನಿರೀಕ್ಷೆ ಇಂದು ನಮ್ಮ ಉನ್ನತ ಶಿಕ್ಷಣದ ಪಠ್ಯಕ್ರಮಗಳಲ್ಲಿ ನೆಲೆಯೂರಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಅನಂತರ ರೂಪುಗೊಂಡ ಎರಡು ವರ್ಷದ ಬಿ.ಇಡಿ. ಕಾರ್ಯಕ್ರಮದಲ್ಲಿ ಪಠ್ಯಗಳನ್ನು ಓದಿ ಅವುಗಳ ಬಗೆಗೆ ಚಿಂತಿಸುವುದಕ್ಕೆ ಒಂದು ಪತ್ರಿಕೆಯಿದೆ, ತನ್ನನ್ನು ತಾನು ಅರಿಯುವುದಕ್ಕೆ ಇನ್ನೊಂದಿದೆ. ಈ ಬರವಣಿಗೆಯ ಹಿಂದಿರುವ ಚಿಂತನೆ ಹಳೆಯದು. ಜಾನ್ ಡ್ಯೂಯಿ 1910ರಲ್ಲಿಯೇ ಇದಕ್ಕೆ ತಾತ್ತ್ವಿಕ ಅಡಿಪಾಯ ಹಾಕಿದ್ದನು. ಡೊನಾಲ್ಡ್ ಷಾನ್ 1983ರಲ್ಲಿ ಅದನ್ನು ವೃತ್ತಿಶಿಕ್ಷಣಕ್ಕೆ ತಂದನು. ತರಗತಿಗಳಲ್ಲಿ ಬಳಕೆಗೆ ಬಂದದ್ದು ಮಾತ್ರ ಹೆಚ್ಚಾಗಿ ಗ್ರಹಾಂ ಗಿಬ್ಸ್ 1988ರಲ್ಲಿ ಮುಂದಿಟ್ಟ ಆರು ಹಂತಗಳ ಚಕ್ರ: ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಕ್ರಿಯಾಯೋಜನೆ. ಮುದ್ರಿತ ನಮೂನೆಯೊಂದರಲ್ಲಿ ಸುಲಭವಾಗಿ ಕೂರುತ್ತದೆ ಎಂಬುದು ಅದರ ಜನಪ್ರಿಯತೆಗೆ ಸಣ್ಣ ಕಾರಣವೇನಲ್ಲ.

ಈ ಬರವಣಿಗೆಯ ಉಪಯುಕ್ತತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ನಮ್ಮ ವಿಮರ್ಶೆಯ ವಸ್ತು, ಇಂಗ್ಲಿಷಿನಿಂದ ಅನುವಾದಗೊಂಡು ಬಂದ ಪ್ರಶ್ನೆಗಳು ಕನ್ನಡ ವಾಕ್ಯದ ಮೇಲೆ ಹೇರುವ ಒತ್ತಡ. ‘ನೀವು ಏನನ್ನು ಕಲಿತಿರಿ?’ ಎಂಬ ಪ್ರಶ್ನೆ ನಿರಪಾಯಕಾರಿಯಾಗಿ ಕಾಣುತ್ತದೆ. ಆದರೆ ಅದು ಪ್ರಥಮಾ ವಿಭಕ್ತಿಯ ಕರ್ತೃವನ್ನೂ ಮುಗಿದ ಕ್ರಿಯೆಯನ್ನೂ ಮೊದಲೇ ಗೊತ್ತುಮಾಡಿ ಉತ್ತರವನ್ನು ಕೇಳುತ್ತದೆ. ಕನ್ನಡದಲ್ಲಿ ಅರಿವನ್ನು ಹೇಳುವ ಸಹಜ ದಾರಿ ಬಹುಮಟ್ಟಿಗೆ ಇದಲ್ಲ. ನಮಗೆ ಅರ್ಥವಾಗುತ್ತದೆ, ಗೊತ್ತಾಗುತ್ತದೆ, ಹೊಳೆಯುತ್ತದೆ, ನೆನಪಾಗುತ್ತದೆ. ಭಾಷೆಯೊಂದು ನಮಗೆ ‘ಬರುತ್ತದೆ’. ಇಲ್ಲೆಲ್ಲ ಅನುಭವಿಯು ಚತುರ್ಥಿಯಲ್ಲಿರುತ್ತಾನೆ, ಕ್ರಿಯಾಪದ ಅವನೊಡನೆ ಹೊಂದಿಕೊಳ್ಳುವುದಿಲ್ಲ. ಎಸ್. ಎನ್. ಶ್ರೀಧರ್ 1979ರಲ್ಲಿ ಈ ರಚನೆಯನ್ನು ಆಧರಿಸಿಯೇ ಕರ್ತೃವೆಂಬ ಪರಿಕಲ್ಪನೆಯನ್ನು ಚರ್ಚಿಸಿದರು. ಇದು ಕನ್ನಡದ ಸೊತ್ತೂ ಅಲ್ಲ. ತಮಿಳು, ಮರಾಠಿ, ಹಿಂದಿಗಳಲ್ಲಿಯೂ ಇದೆ. ಆದ್ದರಿಂದ ಕನ್ನಡಿಗರ ಮನೋಧರ್ಮದ ಬಗೆಗೆ ಇಲ್ಲಿಂದ ತೀರ್ಮಾನಗಳನ್ನು ಎಳೆಯುವುದು ತರವಲ್ಲ, ನಾವು ಎಳೆಯುವುದೂ ಇಲ್ಲ.

ಗಮನಿಸಬೇಕಾದುದೆಂದರೆ, ಅನುವಾದಿತ ನಮೂನೆಯು ತಾನೇ ಒಂದೆಡೆ ಚತುರ್ಥಿಗೆ ಜಾರುತ್ತದೆ. ಎರಡನೆಯ ಹಂತದಲ್ಲಿ, ಭಾವನೆಯನ್ನು ಕೇಳುವಾಗ, ‘ನಿಮಗೆ ಏನನ್ನಿಸಿತು?’ ಎಂದಲ್ಲದೆ ಬೇರೆ ರೀತಿಯಲ್ಲಿ ಸಹಜವಾಗಿ ಕೇಳಲಾಗದು. ವಿಶ್ಲೇಷಣೆಗೂ ತೀರ್ಮಾನಕ್ಕೂ ಬಂದೊಡನೆ ಪ್ರಶ್ನೆ ಮತ್ತೆ ಪ್ರಥಮೆಗೆ ಮರಳುತ್ತದೆ. ಭಾವನೆ ಆಗುವಂಥದು, ಜ್ಞಾನ ಮಾಡುವಂಥದು ಎಂಬ ವಿಭಜನೆ ಹೀಗೆ ನಮೂನೆಯ ವ್ಯಾಕರಣದಲ್ಲಿಯೇ ಸೇರಿಹೋಗಿದೆ. ಕನ್ನಡ ಈ ಗೆರೆಯನ್ನು ಅಲ್ಲಿ ಎಳೆಯುವುದಿಲ್ಲ. ಬೇಸರವಾಗುವುದೂ ಅರ್ಥವಾಗುವುದೂ ಒಂದೇ ರಚನೆಯಲ್ಲಿ ನಡೆಯುತ್ತವೆ. ‘ಈ ವಾದ ಸರಿಯಲ್ಲ ಅನ್ನಿಸಿತು’ ಎಂದು ಬರೆದ ವಿದ್ಯಾರ್ಥಿ ಅದನ್ನು ಭಾವನೆಯ ಅಂಕಣದಲ್ಲಿ ಇಡಬೇಕೆ, ವಿಶ್ಲೇಷಣೆಯ ಅಂಕಣದಲ್ಲಿಯೆ? ಅದು ಎರಡೂ ಹೌದು. ‘ಅನ್ನು’ ಧಾತುವಿನ ಮೇಲೆ ಪ್ರೇರಣಾರ್ಥಕದ ‘ಇಸು’ ಹೊತ್ತ ಈ ಕ್ರಿಯಾಪದ, ಮನಸ್ಸಿನೊಳಗೆ ಮಾತೊಂದು ತಾನಾಗಿ ಎದ್ದುದನ್ನು ಹೇಳುತ್ತದೆ. ಅದರ ಜೊತೆಗಾರ ‘ಅಂದುಕೊಳ್ಳು’, ತನಗೆ ತಾನೇ ಹೇಳಿಕೊಂಡುದನ್ನು. ತನ್ನ ಕಲಿಕೆಯ ಬಗೆಗೆ ಬರೆಯುವವರಿಗೆ ಇವೆರಡಕ್ಕಿಂತ ಹದವಾದ ಉಪಕರಣಗಳು ಸಿಗಲಾರವು. ‘ಪ್ರತಿಫಲನ’ ಎಂಬ ಪಾರಿಭಾಷಿಕವಾದರೋ ಭೌತಶಾಸ್ತ್ರದ ಕನ್ನಡಿಯನ್ನೇ ನೆನಪಿಗೆ ತರುತ್ತದೆ. ‘ಮೆಲುಕು’ ಎಂಬ ಮಾತು ಕೈಯಳತೆಯಲ್ಲಿದ್ದೂ ಯಾರೂ ಅದನ್ನು ಪಠ್ಯಕ್ರಮಕ್ಕೆ ತರಲಿಲ್ಲ.

‘ತಿಳಿ’ ಧಾತುವಿನ ವರ್ತನೆ ಇನ್ನಷ್ಟು ಸೂಕ್ಷ್ಮವಾದುದು, ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಧ್ವನಿಮಾ ಎಂದರೆ ಅಕ್ಷರವೇ ಎಂದು ನಾನು ತಿಳಿದಿದ್ದೆ’ ಎಂಬ ವಾಕ್ಯದಲ್ಲಿ, ಹಾಗೆ ತಿಳಿದದ್ದು ತಪ್ಪಾಗಿತ್ತು ಎಂಬ ಸೂಚನೆ ಕೇಳುಗರಿಗೆ ತಾನಾಗಿ ತಲುಪುತ್ತದೆ. ಅದೇ ವಾಕ್ಯವನ್ನು ‘ಎಂದು ನನಗೆ ತಿಳಿದಿತ್ತು’ ಎಂದು ಮುಗಿಸಿದರೆ, ಹೇಳಿದ ಸಂಗತಿ ನಿಜವೆಂದು ಆಡುವವರೇ ಒಪ್ಪಿದಂತಾಗುತ್ತದೆ; ಸಂಗತಿ ಸುಳ್ಳಾದುದರಿಂದ ವಾಕ್ಯ ಎಡವುತ್ತದೆ. ಅಂದರೆ ‘ಎಂದು’ ಉಪವಾಕ್ಯದೊಡನೆ ಬಂದಾಗ ಪ್ರಥಮೆ ನಂಬಿಕೆಯ ಕಡೆಗೂ ಚತುರ್ಥಿ ಅರಿವಿನ ಕಡೆಗೂ ವಾಲುತ್ತವೆ. ‘ತಿಳಿದುಕೊಂಡಿದ್ದೆ’ ಎಂದರೂ ಫಲ ಅದೇ. ದ್ವಿತೀಯಾ ವಿಭಕ್ತಿಯ ಕರ್ಮ ಬಂದಾಗ ಮಾತ್ರ, ‘ವಿಷಯವನ್ನು ತಿಳಿದುಕೊಂಡೆ’ ಎಂಬಂತೆ, ಅದು ಸಂಪಾದಿಸಿದ ಜ್ಞಾನವಾಗುತ್ತದೆ. ತಪ್ಪು ಗ್ರಹಿಕೆಯಿಂದ ಸರಿಯಾದ ಗ್ರಹಿಕೆಗೆ ಸಾಗಿದ ದಾರಿಯನ್ನು ಕನ್ನಡ ಒಂದೇ ಧಾತುವಿನ ಎರಡು ವಿಭಕ್ತಿಗಳಲ್ಲಿ ಗುರುತಿಸಬಲ್ಲದು. ಕಲಿಕೆಯ ಬರವಣಿಗೆ ಹುಡುಕುತ್ತಿರುವುದು ಇದನ್ನೇ ಅಲ್ಲವೆ?

ಹೋಲಿಕೆಗಾಗಿ ನಾವೇ ಕಟ್ಟಿದ ಎರಡು ಮಾದರಿಗಳನ್ನು ನೋಡೋಣ. ಭಾಷಾವಿಜ್ಞಾನದ ಸ್ನಾತಕೋತ್ತರ ತರಗತಿಯ ಮೊದಲ ಸೆಮಿಸ್ಟರಿನ ದಿನಚರಿ ಎಂದಿಟ್ಟುಕೊಳ್ಳಬಹುದು. ಮೊದಲನೆಯದು: ‘ಈ ವಾರ ಧ್ವನಿ ಮತ್ತು ಧ್ವನಿಮಾಗಳ ವ್ಯತ್ಯಾಸವನ್ನು ಕಲಿತುಕೊಂಡೆ. ಕನಿಷ್ಠ ಜೋಡಿಗಳನ್ನು ಗುರುತಿಸುವ ವಿಧಾನವನ್ನು ಅರ್ಥಮಾಡಿಕೊಂಡೆ. ಮುಂದೆ ಇದನ್ನು ಅಧ್ಯಯನದಲ್ಲಿ ಅಳವಡಿಸಿಕೊಳ್ಳುತ್ತೇನೆ.’ ಎರಡನೆಯದು: ‘ಮಹಾಪ್ರಾಣ ಉಚ್ಚರಿಸಲು ಬಾರದಿರುವುದು ದೋಷವೆಂದು ತಿಳಿದಿದ್ದೆ. ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಪಟ್ಟಿ ಮಾಡುವಾಗ ನಮ್ಮ ಮಾತಿನಲ್ಲಿ ಅಂಥ ಕನಿಷ್ಠ ಜೋಡಿ ಒಂದೂ ಸಿಗಲಿಲ್ಲ. ಹಾಗಾದರೆ ಅದು ದೋಷವಲ್ಲ, ನಮ್ಮ ಮಾತಿನ ವ್ಯವಸ್ಥೆಯೇ ಬೇರೆ ಅನ್ನಿಸಿತು. ಶಾಲೆಯಲ್ಲಿ ಯಾಕೆ ತಿದ್ದುತ್ತಿದ್ದರು ಎಂಬುದು ಮಾತ್ರ ಇನ್ನೂ ಅರ್ಥವಾಗಿಲ್ಲ.’

‘ನಾನು’ ಎಂಬ ಸರ್ವನಾಮ ಎರಡರಲ್ಲಿಯೂ ಇಲ್ಲ. ಕನ್ನಡದಲ್ಲಿ ಅದು ಲೋಪವಾಗಬಲ್ಲದು. ಆದರೆ ಮೊದಲನೆಯದರ ಪ್ರತಿಯೊಂದು ಪ್ರಧಾನ ಕ್ರಿಯಾಪದವೂ ಉತ್ತಮ ಪುರುಷ ಪ್ರತ್ಯಯವನ್ನು ಹೊತ್ತಿದೆ, ಪ್ರತಿಯೊಂದಕ್ಕೂ ‘ಕೊಳ್ಳು’ ಅಂಟಿದೆ. ಎರಡನೆಯದರಲ್ಲಿ ಉತ್ತಮ ಪುರುಷ ಪ್ರತ್ಯಯ ಕಾಣುವುದು ಒಮ್ಮೆ ಮಾತ್ರ, ಅದೂ ತಪ್ಪು ನಂಬಿಕೆಯ ಕ್ರಿಯಾಪದದಲ್ಲಿ. ಉಳಿದೆಡೆ ‘ನನಗೆ’ ಲೋಪವಾಗಿ, ಕ್ರಿಯಾಪದ ನಪುಂಸಕದಲ್ಲಿಯೋ ನಿಷೇಧ ರೂಪದಲ್ಲಿಯೋ ನಿಂತು, ಬರೆದವರ ಗುರುತೇ ಮೇಲ್ನೋಟಕ್ಕೆ ಅಳಿಸಿಹೋಗಿದೆ. ಸ್ವಂತ ಹೊಣೆಗಾರಿಕೆ, ಸ್ವಂತ ದನಿ, ಕ್ರಿಯಾಯೋಜನೆ ಎಂಬ ಮಾನದಂಡಗಳನ್ನು ಹಿಡಿದು ಅಂಕ ಕೊಡುವವರು ಮೊದಲನೆಯದನ್ನು ಮೇಲೆ ಇಡುವ ಸಾಧ್ಯತೆಯೇ ಹೆಚ್ಚು. ಎರಡನೆಯದರಲ್ಲಿ ಕಲಿಕೆ ನಡೆದಿದೆ. ಮೊದಲನೆಯದು ಪಾಠದ ಶೀರ್ಷಿಕೆಗಳಿಗೆ ‘ಕೊಂಡೆ’ ಸೇರಿಸಿದ ಪಟ್ಟಿ. ಡಿ. ಎನ್. ಶಂಕರ ಬಟ್ ಅವರು ಮಹಾಪ್ರಾಣಾಕ್ಷರಗಳನ್ನು ತಮ್ಮ ಬರಹದಿಂದಲೇ ಕೈಬಿಟ್ಟು ಎತ್ತಿದ ಪ್ರಶ್ನೆಯ ಹತ್ತಿರಕ್ಕೆ ಎರಡನೆಯ ವಿದ್ಯಾರ್ಥಿ ತನ್ನ ದಾರಿಯಲ್ಲಿಯೇ ಬಂದು ನಿಂತಿದ್ದಾನೆ. ಆ ಪ್ರಶ್ನೆಗೆ ಬಟ್ಟರ ಉತ್ತರವನ್ನು ಒಪ್ಪುವುದು ಬಿಡುವುದು ಬೇರೆ ಮಾತು.

ಚತುರ್ಥೀ ರಚನೆ ಹೊಣೆಯಿಂದ ನುಣುಚಿಕೊಳ್ಳುವ ಮಾರ್ಗವಲ್ಲವೆ ಎಂದು ಕೇಳಬಹುದು. ಹಾಗೆ ಬಳಸುವವರು ಇಲ್ಲವೆಂದಲ್ಲ. ಆದರೆ ನಿಷೇಧ ರೂಪಗಳನ್ನು ಇದಿರುಬದಿರು ಇಟ್ಟು ನೋಡಬೇಕು. ‘ಪಾಠ ನನಗೆ ಅರ್ಥವಾಗಲಿಲ್ಲ’ ಎಂಬುದು ಘಟನೆಯ ವರದಿ. ಕಾರಣ ಕೇಳುಗನಲ್ಲಿರಬಹುದು, ಪಾಠದಲ್ಲಿರಬಹುದು, ಬೋಧಿಸಿದವರಲ್ಲಿಯೂ ಇರಬಹುದು. ‘ಪಾಠವನ್ನು ನಾನು ಅರ್ಥಮಾಡಿಕೊಳ್ಳಲಿಲ್ಲ’ ಎಂದೊಡನೆ ಅದು ಪ್ರಯತ್ನದ ಕೊರತೆಯ ಒಪ್ಪಿಗೆಯಾಗುತ್ತದೆ. ನಮೂನೆ ವಿದ್ಯಾರ್ಥಿಯನ್ನು ಎರಡನೆಯದರ ಕಡೆಗೆ ತಳ್ಳುತ್ತದೆ. ಅರ್ಥವಾಗದ ಪಾಠದಲ್ಲಿ ಬೋಧಕರ ಪಾಲು ಎಷ್ಟೆಂಬ ಪ್ರಶ್ನೆ ಆ ವಾಕ್ಯದಿಂದಲೇ ಜಾಗ ಖಾಲಿ ಮಾಡುತ್ತದೆ. ಇದು ಬರಿಯ ಶೈಲಿಯ ವಿಚಾರವಲ್ಲ. ಮನೆಯ ಮಾತಿನಲ್ಲಿ ಪ್ರಾಮಾಣಿಕವಾಗಿ ಬರೆದವರು ಚಿಂತನಶಕ್ತಿಯಿಲ್ಲದವರೆಂದು ಎಣಿಸಲ್ಪಟ್ಟು ಅಂಕ ಕಳೆದುಕೊಳ್ಳುತ್ತಾರೆ. ಅಚ್ಚುಗಟ್ಟಾದ ತಪ್ಪೊಪ್ಪಿಗೆಯನ್ನು ಕಲಿತವರು ಮುಂದೆ ಸಾಗುತ್ತಾರೆ. ಇಂಗ್ಲಿಷಿನಲ್ಲಿಯೂ ವಿಚಾರವೊಂದು ತನಗೆ ಹೊಳೆಯಿತೆಂದು ಹೇಳುವ ರಚನೆಗಳಿವೆ ಎಂಬುದನ್ನು ನಾವು ಬಲ್ಲೆವು. ಅಲ್ಲಿ ಅವು ಪಕ್ಕದ ಹಾದಿಗಳು. ಕನ್ನಡದಲ್ಲಿ ಅದೇ ರಾಜಮಾರ್ಗ.

ನಮೂನೆಯನ್ನು ಕೈಬಿಡಬೇಕಿಲ್ಲ, ಪ್ರಶ್ನೆಗಳನ್ನು ಕನ್ನಡದ ಒಳಗಿನಿಂದ ಕಟ್ಟಿದರೆ ಸಾಕು. ‘ಏನನ್ನು ಕಲಿತಿರಿ?’ ಎಂಬುದರ ಬದಲು ‘ಮೊದಲು ಏನೆಂದುಕೊಂಡಿದ್ದಿರಿ? ಹಾಗಲ್ಲವೆಂದು ಯಾವಾಗ, ಯಾವುದರಿಂದ ಅನ್ನಿಸಿತು?’ ಎಂದು ಕೇಳಬಹುದು. ಮೌಲ್ಯಮಾಪಕರು ಉತ್ತಮ ಪುರುಷವನ್ನು ಎಣಿಸುವ ಬದಲು, ‘ತಿಳಿದಿದ್ದೆ’ಯಿಂದ ‘ತಿಳಿಯಿತು’ವರೆಗಿನ ನಡುವೆ ಯಾವ ಸಂಗತಿ, ಯಾವ ಪುರಾವೆ ಬಂದಿದೆ ಎಂದು ನೋಡಬೇಕು. ಎರಡನೆಯ ಮಾದರಿಯಲ್ಲಿ ಆ ಪುರಾವೆ, ಸಿಗದೆ ಹೋದ ಜೋಡಿಗಳ ಪಟ್ಟಿ.

ಆ ಮಾದರಿಯ ಕೊನೆಯ ಕ್ರಿಯಾಪದವನ್ನೂ ಗಮನಿಸಬೇಕು. ಅದು ‘ಅರ್ಥವಾಗಲಿಲ್ಲ’ ಅಲ್ಲ, ‘ಅರ್ಥವಾಗಿಲ್ಲ’. ಮೊದಲನೆಯದು ಕಳೆದ ವಾರದ ತರಗತಿಯೊಂದಿಗೆ ಮುಗಿದುಹೋಗುತ್ತದೆ, ಎರಡನೆಯದು ಬರೆಯುತ್ತಿರುವ ಕ್ಷಣದವರೆಗೂ ಚಾಚಿಕೊಂಡಿದೆ. ಆರು ಹಂತಗಳ ಚಕ್ರದಲ್ಲಿ ತೀರ್ಮಾನಕ್ಕೂ ಕ್ರಿಯಾಯೋಜನೆಗೂ ಅಂಕಣಗಳಿವೆ, ‘ಇನ್ನೂ ಅರ್ಥವಾಗಿಲ್ಲ’ ಎಂಬುದಕ್ಕೆ ಅಂಕಣವಿಲ್ಲ. ಸೆಮಿಸ್ಟರ್ ಆರಂಭವಾಗುವ ಮೊದಲೇ, ಆ ವಾಕ್ಯ ಬರೆದವರಿಗೆ ಎಷ್ಟು ಅಂಕವೆಂಬುದನ್ನು ಮೌಲ್ಯಮಾಪನದ ಸೂಚನಾಪತ್ರದಲ್ಲಿ ನಮೂದಿಸಬೇಕು.