ಮಖಮಲ್ಲಿನ ಮಹಾಭಾರತ

ನಮ್ಮ ನಾಟಕ ವಿಮರ್ಶೆಯಲ್ಲಿ ಕಿವಿಗೆ ಇರುವ ಮರ್ಯಾದೆ ಕಣ್ಣಿಗಿಲ್ಲ. ಕಂಪನಿ ನಾಟಕಗಳ ಕಾಲವನ್ನು ಕುರಿತು ಬರೆಯುವವರು ಯಾವ ನಟರು ಯಾವ ರಾಗದಲ್ಲಿ ಕಂದ ಹಾಡಿದರು, ಎಷ್ಟು ಸಾರಿ ‘ಒನ್ಸ್ ಮೋರ್’ ಗಿಟ್ಟಿಸಿದರು ಎಂಬುದನ್ನು ಪುಟಗಟ್ಟಲೆ ಬರೆಯುತ್ತಾರೆ. ಆ ನಟರು ಏನನ್ನು ಉಟ್ಟಿದ್ದರು ಎಂಬಲ್ಲಿಗೆ ಬಂದರೆ ‘ಝಗಝಗಿಸುವ ಉಡುಪು’ ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹೆಚ್ಚೆಂದರೆ, ಕಣ್ವಾಶ್ರಮಕ್ಕೆ ಬಂದ ದುಷ್ಯಂತನಿಗೆ ಮಖಮಲ್ಲಿನ ಅಂಗಿಯೇ ಎಂದು ನಗುತ್ತಾರೆ. ನಗುವುದು ಸುಲಭ. ಆ ಮಖಮಲ್ಲು ಏಕೆ ಬಂತು, ಬಂದು ಏನು ಮಾಡಿತು, ಏನನ್ನು ಓಡಿಸಿತು ಎಂದು ಕೇಳುವುದು ಕಷ್ಟ.

ಈ ಪ್ರಶ್ನೆಗೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆ ಒಳ್ಳೆಯ ಒರೆಗಲ್ಲು. 1900ರ ಸುಮಾರಿನಲ್ಲಿ ಇದು ಒಂದೇ ಆಡಳಿತದ ನಾಡಾಗಿರಲಿಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು, ಮೈಸೂರು ಸಂಸ್ಥಾನದ ಒಳಗಿನದು. ಕೊಳ್ಳೇಗಾಲವೂ ಅದರೊಡನೆ ಹನೂರೂ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದುವು. ಗಡಿ ಎರಡಾದರೂ ಜನ ಒಂದೇ, ಜಾತ್ರೆ ಒಂದೇ. ಕೊಳ್ಳೇಗಾಲವಂತೂ ರೇಷ್ಮೆಯ ಊರು, ಜರಿಯ ವಸ್ತ್ರಗಳಿಗೆ ಹೆಸರಾದ ಊರು. ಮಗ್ಗದ ಮುಂದೆ ಬೆಳೆದವನು ರಂಗದ ಮೇಲಿನ ಸೀರೆಯನ್ನು ಬರಿಯ ಬಣ್ಣವಾಗಿ ನೋಡುವುದಿಲ್ಲ. ಅಂಚು, ಸೆರಗು, ಎಳೆಗಳನ್ನೂ ನೋಡುತ್ತಾನೆ.

ಈ ಸೀಮೆಯ ಜನ ಮೂರು ಬಗೆಯ ವೇಷಗಳನ್ನು ಬಲ್ಲವರು. ಮೊದಲನೆಯದು ದೀಕ್ಷೆಯ ವೇಷ. ಮಲೆಯ ಮಹದೇಶ್ವರನ ದೇವರಗುಡ್ಡ ಕೊರಳಿಗೆ ರುದ್ರಾಕ್ಷಿ ಹಾಕಿ, ಕೈಯಲ್ಲಿ ಕಂಸಾಳೆ ಹಿಡಿದಾಗ ಅವನು ಇನ್ನೊಬ್ಬನಂತೆ ನಟಿಸುತ್ತಿಲ್ಲ; ಆ ಉಡುಪೇ ಅವನ ಬಾಳು. ಮಂಟೇಸ್ವಾಮಿಯ ನೀಲಗಾರರದೂ ಹಾಗೆಯೇ. ಎರಡನೆಯದು ಬಯಲಾಟದ ವೇಷ. ಹಗುರ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂಡಿಸಿದ ಕಿರೀಟ, ಭುಜಕೀರ್ತಿ, ಎದೆಹಲಗೆ, ಮುಖಕ್ಕೆ ಅರದಾಳ, ಇಂಗಳೀಕ, ಕಾಲಿಗೆ ಗೆಜ್ಜೆ. ಇದು ಸಂಕೇತದ ವೇಷ. ಇದನ್ನು ಕಟ್ಟಿದವನು ರಾಜನಂತೆ ಕಾಣಬೇಕಾಗಿಲ್ಲ, ರಾಜನೆಂದು ತಿಳಿದರೆ ಸಾಕು. ಮೂರನೆಯದು ನಾಟಕದ ವೇಷ. ಇದು ಭ್ರಮೆಯ ವೇಷ. ಇಲ್ಲಿ ನಟ ರಾಜನಂತೆಯೇ ಕಾಣಬೇಕು.

ಈ ಮೂರನೆಯದು ಬಂದ ದಾರಿ ಎಲ್ಲರಿಗೂ ಗೊತ್ತಿರುವುದೇ. 1880ರ ಹೊತ್ತಿಗೆ ಸಾಂಗಲಿಯ ಮರಾಠಿ ಮಂಡಳಿಯೂ ಪಾರ್ಸಿ ಕಂಪನಿಗಳೂ ಮೈಸೂರಿನ ಕಡೆಗೆ ಬಂದವು. ಅವನ್ನು ಕಂಡ ಉತ್ಸಾಹದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪಶಾಸ್ತ್ರಿಗಳು ಅದಕ್ಕೆ ಶಾಕುಂತಲವನ್ನು ಕನ್ನಡಿಸಿಕೊಟ್ಟರು. 1884ರಲ್ಲಿ ಗುಬ್ಬಿಯ ಕಂಪನಿ ಹುಟ್ಟಿತು. ಮುಂದೆ ಮೈಸೂರಿನಲ್ಲಿ ವರದಾಚಾರ್ಯರ ರತ್ನಾವಳಿ ಕಂಪನಿ ಹೆಸರು ಮಾಡಿತು. ಪಾರ್ಸಿಯವರ ಉಡುಪು ಅರ್ಧ ಮೊಗಲರ ದರ್ಬಾರಿನದು, ಅರ್ಧ ವಿಕ್ಟೋರಿಯಾ ಕಾಲದ ಇಂಗ್ಲಿಷ್ ರಂಗಭೂಮಿಯದು. ಮಖಮಲ್ಲಿನ ನಿಲುವಂಗಿ, ಅದರ ಮೇಲೆ ಕಲಾಬತ್ತಿನ ಬಳ್ಳಿ, ಬಿಗಿ ಷರಾಯಿ, ಕಾಲುಚೀಲ, ಪೇಟಕ್ಕೊಂದು ತುರಾಯಿ. ನಮ್ಮ ಹರಿಶ್ಚಂದ್ರ, ನಳ, ರಾಮರೆಲ್ಲರೂ ಇದನ್ನೇ ತೊಟ್ಟರು.

ಇದನ್ನು ಬರಿಯ ಅನುಕರಣೆಯೆನ್ನುವುದು ನ್ಯಾಯವಲ್ಲ. ದೀವಟಿಗೆಯ ಬೆಳಕು ಅಲುಗುತ್ತದೆ. ಅದಕ್ಕೆ ಮಿಂಚುವ ಬೇಗಡೆ, ಕನ್ನಡಿಗಳೇ ಸರಿ. ನಾಟಕದ ಕೊಟ್ಟಿಗೆಗೆ ದೊಡ್ಡ ಸೀಮೆಎಣ್ಣೆಯ ದೀಪ, ಆಮೇಲೆ ಗ್ಯಾಸ್ ಲೈಟು ಬಂದಾಗ ಬೆಳಕು ನಿಂತಿತು. ನಿಂತ ಬೆಳಕನ್ನು ಹೀರಿಕೊಂಡು ಆಳವಾಗಿ ಕಾಣುವ ಬಟ್ಟೆಯೆಂದರೆ ಮಖಮಲ್ಲು. ಹಿಂದೆ ಕಮಾನು ಕಂಬಗಳ ಅರಮನೆಯ ಪರದೆ ಇಳಿಬಿದ್ದಿರುವಾಗ ಮುಂದೆ ಮರದ ಎದೆಹಲಗೆಯವನು ನಿಂತರೆ ಪರದೆಯೂ ಕೆಟ್ಟಿತು, ಅವನೂ ಕೆಟ್ಟ. ಉಡುಪು ಬದಲಾದದ್ದು ದೀಪ, ಪರದೆಗಳು ಬದಲಾದದ್ದರಿಂದ.

ಸ್ತ್ರೀಪಾತ್ರಗಳ ಕಥೆ ಬೇರೆ. ಅವುಗಳಿಗೆ ಮಾದರಿ ಒದಗಿಸಿದವರಲ್ಲಿ ರವಿವರ್ಮರು ಮುಖ್ಯರು. 1894ರಲ್ಲಿ ಅವರ ಅಚ್ಚುಕೂಟ ಆರಂಭವಾದ ಮೇಲೆ ಲಕ್ಷ್ಮಿ, ಸರಸ್ವತಿ, ದಮಯಂತಿಯರು ಮನೆಮನೆಯ ಗೋಡೆಗೆ ಬಂದರು. ಮೈಸೂರು ಅರಮನೆಗಾಗಿ ಅವರು ಬರೆದ ಪುರಾಣಚಿತ್ರಗಳು ಇಂದೂ ಜಗನ್ಮೋಹನ ಅರಮನೆಯಲ್ಲಿವೆ. ಗೋಡೆಯ ಮೇಲಿನ ಸೀರೆ ರಂಗಕ್ಕೆ ಬಂತು. ರಂಗದಿಂದ ಮತ್ತೆ ಮನೆಗೆ ಹೋಯಿತು. ಮಹಾರಾಷ್ಟ್ರದಲ್ಲಿ ಬಾಲಗಂಧರ್ವರು ಸೀರೆ ಉಟ್ಟ ಬಗೆಯನ್ನೂ ಹೂ ಮುಡಿದ ಬಗೆಯನ್ನೂ ಗೃಹಿಣಿಯರು ಕಲಿತರು. ಗಂಡಸೊಬ್ಬನಿಂದ ಹೆಂಗಸರು ಸೀರೆ ಉಡುವುದನ್ನು ಕಲಿತ ಈ ಸೋಜಿಗ ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಒಂದು ಅಧ್ಯಾಯಕ್ಕಾದರೂ ಅರ್ಹವಾದುದು.

ಅದೇ ಕಾಲದ ಐರೋಪ್ಯ ಬ್ಯಾಲೆಯ ಕಡೆಗೆ ಒಮ್ಮೆ ನೋಡಿದರೆ ನಮ್ಮ ಗುಣದೋಷಗಳೆರಡೂ ಸ್ಪಷ್ಟವಾಗುತ್ತವೆ. 1877ರಲ್ಲಿ ರಷ್ಯದ ಪೀಟರ್ಸ್‌ಬರ್ಗಿನಲ್ಲಿ ಪೆತಿಪಾ ‘ಲಾ ಬಯಾದೇರ್’ ಎಂಬ ಬ್ಯಾಲೆಯನ್ನು ಆಡಿಸಿದ. ಅದರ ನಾಯಕಿ ನಮ್ಮ ದೇಶದ ದೇವದಾಸಿ. ಅವಳ ನೆರಳುಗಳಿಗೆ ಉಡಿಸಿದ್ದು ಬಿಳಿಯ ತೆಳುಬಟ್ಟೆಯ ಬ್ಯಾಲೆ ಲಂಗ! ನಮ್ಮ ದುಷ್ಯಂತನ ಕಾಲುಚೀಲಕ್ಕೆ ನಗುವವರು ಇದಕ್ಕೂ ನಗಬೇಕು. 1910ರಲ್ಲಿ ದಿಯಾಗಿಲೆವ್‌ನ ತಂಡ ಪ್ಯಾರಿಸ್ಸಿನಲ್ಲಿ ‘ಶೆಹೆರಜಾದ್’ ಆಡಿದಾಗ ಬಾಕ್ಸ್ಟ್ ಎಂಬ ಕಲಾವಿದ ಕಲ್ಪಿಸಿದ ಪೂರ್ವದೇಶದ ಉಡುಪುಗಳನ್ನು ಕಂಡು ಆ ನಗರವೇ ಮರುಳಾಯಿತು. ಹೆಂಗಸರ ಉಡುಗೆಯಲ್ಲಿಯೂ ಆ ಬಣ್ಣಗಳು ಕಾಣಿಸಿಕೊಂಡವು. ಅಂದರೆ ಅವರು ಕನಸಿನ ಪೂರ್ವವನ್ನು ಉಡುತ್ತಿದ್ದಾಗ ನಾವು ಕನಸಿನ ಪಶ್ಚಿಮವನ್ನು ಉಡುತ್ತಿದ್ದೆವು. ಅಲ್ಲಿಯದು ಕಲೆಯೆನ್ನಿಸಿಕೊಂಡಿತು, ಇಲ್ಲಿಯದು ಅಭಿರುಚಿಹೀನತೆಯೆನ್ನಿಸಿಕೊಂಡಿತು. ಈ ತಾರತಮ್ಯವನ್ನು ನಾನು ಒಪ್ಪಲಾರೆ.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಅವರ ಉಡುಪು ಮೈಯನ್ನು ಬಿಡಿಸುತ್ತ ಹೋಯಿತು. ಇಸಡೋರಾ ಡಂಕನ್ ಬಿಗಿಕವಚವನ್ನೂ ಪಾದರಕ್ಷೆಯನ್ನೂ ಕಳಚಿ ಕುಣಿದಳು. ಬಾಕ್ಸ್ಟನ ಸಡಿಲ ಷರಾಯಿ, ಮುಸುಕುಗಳು ಕುಣಿತದೊಡನೆ ತಾವೂ ಕುಣಿಯುತ್ತಿದ್ದುವು. ನಮ್ಮ ಉಡುಪು ಮೈಯನ್ನು ಕಟ್ಟಿಹಾಕುತ್ತ ಬಂತು. ಬಯಲಾಟದ ಮರದ ಕಿರೀಟ ಭಾರವಾದುದೇ, ಆದರೆ ಅದು ಕುಣಿಯುವವನಿಗಾಗಿ ಮಾಡಿದ್ದು. ಅವನು ಕುಣಿದರೆ ಕನ್ನಡಿ ಮಿಂಚುತ್ತದೆ, ಗೆಜ್ಜೆ ಮಾತಾಡುತ್ತದೆ. ಮಖಮಲ್ಲು ನಿಲ್ಲುವವನಿಗಾಗಿ ಮಾಡಿದ್ದು. ನಮ್ಮ ನಾಯಕರು ರಂಗದ ನಡುವೆ ನಿಂತು ಹಾಡಿದರು. ಕುಣಿತ ನಮ್ಮ ನಾಟಕದಿಂದ ಹೊರಟುಹೋಯಿತು. ಬಯಲಾಟದಲ್ಲಿ ರಾಜನ ಕಿರೀಟ ಬೇರೆ, ರಕ್ಕಸನದು ಬೇರೆ. ದೂರದಿಂದಲೇ ಇಂಥವನೆಂದು ಹೇಳಬಹುದಿತ್ತು. ಮಖಮಲ್ಲಿನಲ್ಲಿ ನಳನೂ ಒಂದೇ, ರಾಮನೂ ಒಂದೇ. ಸಂಕೇತವೂ ಹೋಯಿತು, ವಾಸ್ತವವೂ ಬರಲಿಲ್ಲ. ವಾಸ್ತವಕ್ಕೆ ಕೈಲಾಸಂ ಅವರ ಪಾತ್ರಗಳು ಮನೆಯುಡುಪಿನಲ್ಲಿಯೇ ರಂಗಕ್ಕೆ ಬರುವವರೆಗೆ ಕಾಯಬೇಕಾಯಿತು. ಕುಣಿತದ ಉಡುಪಿನ ಬೆಲೆಯನ್ನು ಅರಿತು ಅದಕ್ಕಾಗಿ ವಾದಿಸಿದವರು ಶಿವರಾಮ ಕಾರಂತರು; ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ತಮ್ಮ ಪ್ರಯೋಗಗಳನ್ನು ಅವರು ಬ್ಯಾಲೆಯೆಂದೇ ಕರೆದದ್ದು ಇಲ್ಲಿ ನೆನೆಯತಕ್ಕದ್ದು.

ಹಾಗಾದರೆ ಮಖಮಲ್ಲು ಎಲ್ಲಿಯೂ ಅರ್ಥಪೂರ್ಣವಾಗಲಿಲ್ಲವೆ? ಆಯಿತು, ಅದನ್ನು ಕಳಚಿದಾಗ. ಹರಿಶ್ಚಂದ್ರ ನಾಟಕದಲ್ಲಿ ಅಷ್ಟು ಹೊತ್ತು ಜರತಾರಿಯಲ್ಲಿ ಮೆರೆದ ಅರಸು ವೀರಬಾಹುವಿನ ಆಳಾಗಿ ಹೆಗಲಿಗೆ ಕಂಬಳಿ ಹಾಕಿ ಸುಡುಗಾಡಿಗೆ ಬಂದಾಗ ಜನ ಅತ್ತದ್ದು ಬರಿಯ ಹಾಡಿಗಲ್ಲ. ಮೊದಲ ಅಂಕದ ಮಖಮಲ್ಲು ಇಲ್ಲದಿದ್ದರೆ ಕೊನೆಯ ಅಂಕದ ಕಂಬಳಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಆ ಉಡುಪು ಹೇಗಿತ್ತೆಂದು ಇಂದು ನೋಡಬೇಕಾದವರು ಚಲನಚಿತ್ರಕ್ಕೆ ಹೋಗಬೇಕಾಗಿದೆ. ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಅವರ ಮಗ ರಾಜಕುಮಾರರು ಅದೇ ಕಂಪನಿಯಲ್ಲಿ ಬಾಲನಟರಾಗಿ ಬಣ್ಣ ಹಚ್ಚಿದವರು. ‘ಬಭ್ರುವಾಹನ’ (1977), ‘ಭಕ್ತ ಪ್ರಹ್ಲಾದ’ (1983) ಚಿತ್ರಗಳಲ್ಲಿ ಅವರ ಕಿರೀಟ, ಭುಜಕೀರ್ತಿ, ಅವುಗಳಿಗೆ ತಕ್ಕ ಬಿಗುವಿನ ನಿಲುವು ಕಂಪನಿ ರಂಗಭೂಮಿಯ ಉತ್ತರಾಧಿಕಾರವೇ. ಆ ಉಡುಪನ್ನು ಹೊತ್ತು ನಿಲ್ಲುವ ವಿದ್ಯೆ ಮನೆತನದಲ್ಲಿ ಇಳಿದುಬಂದಿತ್ತು. ಅದನ್ನು ಬಲ್ಲವರ ಮೈಮೇಲೆ ಮಖಮಲ್ಲು ಹಾಸ್ಯಾಸ್ಪದವಾಗಿ ಕಾಣುವುದಿಲ್ಲ.

ದಿಯಾಗಿಲೆವ್‌ನ ತಂಡದ ಉಡುಪುಗಳನ್ನು, ಬೆವರಿನ ಕಲೆಗಳೊಡನೆಯೇ, ಲಂಡನ್ನಿನ ಮತ್ತು ಆಸ್ಟ್ರೇಲಿಯದ ಸಂಗ್ರಹಾಲಯಗಳು ಗಾಜಿನೊಳಗಿಟ್ಟು ಕಾಪಾಡುತ್ತಿವೆ. ನಮ್ಮಲ್ಲಿ ಬಯಲಾಟದ ಪರಿಕರಗಳಿಗೆ ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಂಥ ಆಸರೆ ಸಿಕ್ಕಿತು. ಕಂಪನಿಯ ಉಡುಪು ಜಾನಪದವೂ ಅಲ್ಲ, ಶಿಷ್ಟವೂ ಅಲ್ಲ ಎಂಬ ಕಾರಣಕ್ಕೆ ನಡುನೀರಿನಲ್ಲಿ ಉಳಿದಿದೆ. ಕಂಪನಿ ಮುಚ್ಚಿದಾಗ ಪೆಟ್ಟಿಗೆಗಳು ಹರಾಜಾಗುತ್ತವೆ. ಬಾಡಿಗೆಯ ಅಂಗಡಿಗೆ ಹೋದ ಅಂಗಿ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಸವೆಯುತ್ತದೆ. ಕೊನೆಗೆ ಜರಿಯನ್ನು ಸುಟ್ಟು ಲೋಹವನ್ನು ಮಾರಿಬಿಡುತ್ತಾರೆ. ರೇಷ್ಮೆ, ಜರಿಗಳ ಮರ್ಮ ಬಲ್ಲ ಕೊಳ್ಳೇಗಾಲದಲ್ಲಿಯೇ ಅಂಥ ನಾಲ್ಕು ಪೆಟ್ಟಿಗೆಗಳಿಗೆ ಒಂದು ಕೊಠಡಿ ಏಕಾಗಬಾರದು? ಬಟ್ಟೆಯನ್ನು ಬಲ್ಲವರ ಕೈಯಲ್ಲಿ ಅವು ಸುರಕ್ಷಿತವಾಗಿರುತ್ತವೆ. ನಾಟಕದ ಚರಿತ್ರೆ ಬರೆಯುವ ನಮ್ಮಂಥವರೂ ಆಗ ಕಿವಿಯೊಡನೆ ಕಣ್ಣನ್ನೂ ತೆರೆದಿಟ್ಟು ಬರೆಯಬಹುದು.