ಬಣ್ಣದ ವೇಷಕ್ಕೊಂದು ಕುರ್ಚಿ

ಎನ್‌ಎಚ್‌ಕೆ ಅಂದರೆ ಜಪಾನಿನ ದೂರದರ್ಶನ ಅಂದುಕೊಳ್ಳಿ. ಅಷ್ಟೇ ಗಂಭೀರ, ಅಷ್ಟೇ ಇಸ್ತ್ರಿ ಹಾಕಿದ ಮಾತು. 2006ರಲ್ಲಿ ಅದರ ಸುಮೊ ನೇರಪ್ರಸಾರದಲ್ಲಿ, ಅನೌನ್ಸರ್ ಪಕ್ಕದ ಅತಿಥಿಯ ಕುರ್ಚಿಯಲ್ಲಿ ಒಬ್ಬ ರಾಕ್ಷಸ ಬಂದು ಕೂತ. ಬಿಳಿ ಬಳಿದ ಮುಖ, ಕಣ್ಣಿನ ಸುತ್ತ ಕಪ್ಪು ಗೆರೆಗಳು, ನೆಟ್ಟಗೆ ನಿಂತ ಕೂದಲು. ನಮ್ಮ ಯಕ್ಷಗಾನದ ಬಣ್ಣದ ವೇಷವೊಂದು ಚೌಕಿಯಿಂದ ಎದ್ದು ಸೀದಾ ಕ್ರಿಕೆಟ್ ಕಾಮೆಂಟ್ರಿ ಬಾಕ್ಸಿಗೆ ಹೋಗಿ, ಮುಖ ತೊಳೆಯದೆ ಮೈಕ್ ಹಿಡಿದರೆ ಹೇಗಿರುತ್ತೆ, ಹಾಗೆ. ತಮಾಷೆ ಅಂದರೆ, ಆ ರಾಕ್ಷಸನ ಮಾತಲ್ಲಿ ತಮಾಷೆ ಕಮ್ಮಿ. ಮಾತೆಲ್ಲ ಸುಮೊ ಬಗ್ಗೆಯೇ, ಅದೂ ಕಸುಬು ಬಲ್ಲವರ ಮಾತು.

ಅವರ ಹೆಸರು ಡೀಮನ್ ಕೊಗುರೆ. 2010ರಿಂದ ಬರೀ ಡೀಮನ್ ಕಕ್ಕಾ. ‘ಕಕ್ಕಾ’ ಅಂದರೆ ಘನತೆವೆತ್ತವರು, ಮಹಾಪ್ರಭು ಅನ್ನೋ ಅರ್ಥ, ನಗಬೇಡಿ. 1985ರಲ್ಲಿ ಮೊದಲ ಆಲ್ಬಂ ತಂದ ‘ಸೆಯ್ಕಿಮಾತ್ಸು’ ಅನ್ನೋ ಹೆವಿ ಮೆಟಲ್ ಬ್ಯಾಂಡಿನ ಗಾಯಕ. ಬ್ಯಾಂಡಿನ ಹೆಸರಲ್ಲೇ ‘ಶತಮಾನದ ಕೊನೆ’ ಅನ್ನೋ ಶ್ಲೇಷೆ ಇದೆ. ಹೆಸರಿಗೆ ತಕ್ಕ ಹಾಗೆ 1999ರ ಡಿಸೆಂಬರ್ 31ಕ್ಕೆ ಬ್ಯಾಂಡ್ ಬರ್ಖಾಸ್ತು ಮಾಡಿದರು, ಆಮೇಲೆ ಆಗಾಗ ಮತ್ತೆ ಒಟ್ಟಾಗಿದ್ದಾರೆ. ತನ್ನ ವಯಸ್ಸು ಒಂದು ಲಕ್ಷ ವರ್ಷ ದಾಟಿದೆ ಅಂತ ಹೇಳಿಕೊಳ್ಳುತ್ತಾರೆ. ಸಾರ್ವಜನಿಕವಾಗಿ ವೇಷ ಕಳಚುವುದಿಲ್ಲ. ಸುಮೊ ಹುಚ್ಚು ಮಾತ್ರ ವೇಷವಲ್ಲ.

ಜಪಾನೀ ಭಾಷೆಯಲ್ಲಿ ‘ಕೋಕಕುಕ’ ಅಂತ ಒಂದು ಪದ ಇದೆ. ಸುಮೊ ಬಲ್ಲ ರಸಿಕ ಅಂತ ಅರ್ಥ. ಫ್ಯಾನ್ ಬೇರೆ, ಕೋಕಕುಕ ಬೇರೆ. ನಮ್ಮಲ್ಲಿ ಸಂಗೀತ ಕೇಳುವವರಿಗೂ ಮೊದಲ ಸಾಲಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವವರಿಗೂ ವ್ಯತ್ಯಾಸ ಇಲ್ವಾ, ಅದು. ಫ್ಯಾನ್ ಗೆದ್ದವನ ಹೆಸರು ನೋಡುತ್ತಾನೆ. ಕೋಕಕುಕ ಎಡಗೈ ಎಲ್ಲಿ ಪಟ್ಟಿ ಹಿಡಿಯಿತು, ಕಾಲು ಯಾಕೆ ತಡವಾಯಿತು ಅಂತ ನೋಡುತ್ತಾನೆ. ಡೀಮನ್ ಕಕ್ಕಾ ಈ ಎರಡನೇ ಜಾತಿಯವರು. ಎನ್‌ಎಚ್‌ಕೆಯಂಥ ಮಡಿವಂತ ಸಂಸ್ಥೆ ಅವರನ್ನು ಮತ್ತೆ ಮತ್ತೆ ಕರೆದದ್ದು ವೇಷ ನೋಡಿ ಅಲ್ಲ, ವೇಷ ಇದ್ದರೂ ಕರೆದದ್ದು. ಈ ಎರಡರ ನಡುವಿನ ವ್ಯತ್ಯಾಸ ನಮ್ಮ ಚಾನೆಲ್ಲುಗಳಿಗೆ ಅರ್ಥವಾಗೋದು ಕಷ್ಟ. ನಮ್ಮಲ್ಲಿ ಸೆಲೆಬ್ರಿಟಿಯನ್ನು ಕಾಮೆಂಟ್ರಿ ಬಾಕ್ಸಿಗೆ ಕರೆಸೋದು ಸಿನಿಮಾ ರಿಲೀಸ್ ಇದ್ದಾಗ.

ಅದಿರಲಿ. ಸುಮೊದಲ್ಲಿ ಕಾಮೆಂಟ್ರಿ ಕುರ್ಚಿಗೆ ಯಾಕೆ ಅಷ್ಟು ತೂಕ ಅಂತ ನೋಡಬೇಕು. ಪಂದ್ಯ ಮುಗಿಯೋಕೆ ಹೆಚ್ಚಿನ ಸಲ ಕೆಲವೇ ಸೆಕೆಂಡು ಸಾಕು. ಅದಕ್ಕೆ ಮುಂಚಿನ ಸಿದ್ಧತೆಗೆ ಮೇಲ್ದರ್ಜೆಯಲ್ಲಿ 4 ನಿಮಿಷ. ಪೈಲ್ವಾನರಿಬ್ಬರೂ ಉಪ್ಪು ಎರಚುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ, ಮುಷ್ಟಿ ನೆಲಕ್ಕೆ ತಾಗಿಸುತ್ತಾರೆ, ದುರುಗುಟ್ಟುತ್ತಾರೆ, ಎದ್ದು ಹೋಗುತ್ತಾರೆ. ಮತ್ತೆ ಉಪ್ಪು. ಇದಕ್ಕೆ ಶಿಕಿರಿ ಅಂತಾರೆ. ಹೊಸಬರಿಗೆ ಇದು ಟೈಮ್‌ವೇಸ್ಟ್ ಅನ್ನಿಸುತ್ತೆ. ಸುಮೊ ಇರೋದೇ ಅಲ್ಲಿ ಅಂತ ಗೊತ್ತಾಗೋಕೆ ಎರಡು ಮೂರು ಟೂರ್ನಿ ಬೇಕು. ಯಾರ ಉಸಿರು ಏರುತ್ತಿದೆ, ಯಾರು ಕಣ್ಣು ತಪ್ಪಿಸಿದ, ಕಳೆದ ಸಲ ಇವನ ಕೈಯಲ್ಲಿ ಸೋತಾಗ ಏನಾಗಿತ್ತು, ಇದನ್ನೆಲ್ಲ ಆ ನಾಲ್ಕು ನಿಮಿಷದಲ್ಲಿ ಹೇಳಬೇಕಾದವರು ಕಾಮೆಂಟೇಟರುಗಳು.

ಈ ನಾಲ್ಕು ನಿಮಿಷದ ಗಡುವು ಎಲ್ಲಿಂದ ಬಂತು ಗೊತ್ತೆ? ರೇಡಿಯೋದಿಂದ. 1928ರ ಜನವರಿಗೆ ಮುಂಚೆ ಶಿಕಿರಿಗೆ ಸಮಯದ ಮಿತಿಯೇ ಇರಲಿಲ್ಲ. ಇಬ್ಬರಿಗೂ ಮನಸ್ಸು ಬಂದಾಗ ಪಂದ್ಯ. ರೇಡಿಯೋ ನೇರಪ್ರಸಾರ ಶುರುವಾದಾಗ ಕಾರ್ಯಕ್ರಮ ಹೊತ್ತಿಗೆ ಮುಗಿಯಬೇಕಲ್ಲ, ಮೇಲ್ದರ್ಜೆಗೆ 10 ನಿಮಿಷದ ಮಿತಿ ಹಾಕಿದರು. ಕಣದ ನಡುವೆ ಎದುರುಬದುರು ಕಾಣುವ ಎರಡು ಬಿಳಿ ಗೆರೆ ಬಂದದ್ದೂ ಆಗಲೇ. ಮಿತಿ ಕಾಲಕಾಲಕ್ಕೆ ಇಳಿದು ಈಗ ನಾಲ್ಕಕ್ಕೆ ನಿಂತಿದೆ. 1952ರಲ್ಲಿ ನೋಡುವವರಿಗೆ ಅಡ್ಡ ಅಂತ ಕಣದ ನಾಲ್ಕು ಮೂಲೆಯ ಕಂಬಗಳನ್ನೇ ಕಿತ್ತರು. ಮಾಡನ್ನು ಮೇಲಿಂದ ತೂಗುಹಾಕಿ, ಕಂಬದ ನೆನಪಿಗೆ ನಾಲ್ಕು ಬಣ್ಣದ ಕುಚ್ಚು ಕಟ್ಟಿದರು. ಮರುವರ್ಷವೇ ಟೀವಿ ಬಂತು. 1969ರಲ್ಲಿ ತೈಹೊ ಅನ್ನೋ ಮಹಾ ಯೊಕೊಜುನಾನ 45 ಗೆಲುವುಗಳ ಸರಣಿ ತಪ್ಪು ತೀರ್ಪೊಂದರಿಂದ ಮುರಿಯಿತು. ತಪ್ಪು ಅಂತ ತೋರಿಸಿದ್ದು ಕ್ಯಾಮೆರಾ. ಮುಂದಿನ ಟೂರ್ನಿಯಿಂದಲೇ ತೀರ್ಪುಗಾರರ ನೆರವಿಗೆ ವಿಡಿಯೋ ಬಂತು. ನಮ್ಮ ಡಿಆರ್‌ಎಸ್‌ಗಿಂತ ಎಷ್ಟು ಮೊದಲು, ನೀವೇ ಲೆಕ್ಕ ಹಾಕಿ.

ಅಂದರೆ ಮೈಕ್ ಹಿಡಿದವರು ಸುಮೊಗೆ ಹೊರಗಿನವರಲ್ಲ. ನಾವು ಪುರಾತನ ಅಂದುಕೊಂಡು ಬಾಯಿಬಿಟ್ಟು ನೋಡುವ ಆಟದ ಚಹರೆಯನ್ನು ಅರ್ಧ ತಿದ್ದಿದವರೇ ಅವರು.

ಬೆಂಗಳೂರಲ್ಲಿ ಕೂತು ಸುಮೊ ನೋಡುವ ನನ್ನಂಥವರಿಗೆ ಕಷ್ಟ ಬೇರೆಯೇ. ಜಪಾನಿನ ಸಂಜೆ 6 ಅಂದರೆ ನಮ್ಮ ಮಧ್ಯಾಹ್ನ ಎರಡೂವರೆ. ಊಟ ಆದ ಮೇಲಿನ ಮೀಟಿಂಗಿನ ಹೊತ್ತು. ಹಾಗಾಗಿ ರಾತ್ರಿ ಇಂಗ್ಲಿಷ್ ಹೈಲೈಟ್ಸೇ ಗತಿ. ದಿನದ ಅಷ್ಟೂ ಮೇಲ್ದರ್ಜೆ ಪಂದ್ಯಗಳು ಅರ್ಧ ಗಂಟೆಯೊಳಗೆ. ಶಿಕಿರಿ ಪೂರಾ ಕತ್ತರಿ. ಢೀ, ಬಿದ್ದ, ಮುಂದಿನವನು. ಒಗ್ಗರಣೆ ಚಟಪಟ ಅಂದದ್ದು ಕೇಳಿಸುತ್ತೆ, ಸಾರು ಇಲ್ಲ. ಜಪಾನೀ ಭಾಷೆಯ ಪೂರ್ತಿ ಪ್ರಸಾರದಲ್ಲಿ ಡೀಮನ್‌ನಂಥ ಅತಿಥಿಯ ಬೆಲೆ ಗೊತ್ತಾಗೋದು ಇದರ ಪಕ್ಕ ಇಟ್ಟಾಗ. ಅನೌನ್ಸರ್ ಜೊತೆ ಸಾಮಾನ್ಯವಾಗಿ ಕೂರೋದು ಮಾಜಿ ಪೈಲ್ವಾನರು. 2024ರಲ್ಲಿ ತೀರಿಕೊಂಡ, 52ನೇ ಯೊಕೊಜುನಾ ಕಿತಾನೊಫುಜಿ ಅವರ ಥರ ಬಿಗುಮಾನವಿಲ್ಲದೆ ಬೈಯುವವರು. ಎತ್ತರದ ಅಳತೆ ಮುಟ್ಟಲು ನೆತ್ತಿಯ ಚರ್ಮದಡಿ ಸಿಲಿಕೋನ್ ತುಂಬಿಸಿಕೊಂಡು ಸುಮೊಗೆ ಬಂದ ಮೈನೊಉಮಿ ಥರ ಪುಟ್ಟ ಆಳುಗಳು. ಇವರ ಮಾತಿಗೆ ಅಧಿಕಾರ ಮೈಯಿಂದ ಬಂದದ್ದು. ಆ ಮಣ್ಣಲ್ಲಿ ಬಿದ್ದೆದ್ದವರು. ಡೀಮನ್‌ಗೆ ಆ ಅಧಿಕಾರ ಇಲ್ಲ. ಇರೋದು ಬರೀ ನೋಡಿದ ಲೆಕ್ಕ: ವರ್ಷಕ್ಕೆ 6 ಟೂರ್ನಿ, ಒಂದೊಂದಕ್ಕೆ 15 ದಿನ, ಹೀಗೆ ಎಷ್ಟೋ ವರ್ಷ. ಆದ್ದರಿಂದಲೇ ಅವರ ಮಾತು ನೋಡುಗನ ಮಾತು. ಆಡಿದವರಿಗೆ ಗೊತ್ತಿದ್ದೂ ಹೇಳಬೇಕು ಅನ್ನಿಸದ್ದನ್ನು ನೋಡುಗ ಕೇಳಿಬಿಡುತ್ತಾನೆ.

ಇನ್ನೊಂದು ಗುಣ ನನಗೆ ಹಿಡಿಸಿದ್ದು: ನಗುವನ್ನು ಅವರು ತಮ್ಮ ವೇಷದ ಮೇಲೇ ಎಳೆದುಕೊಳ್ಳುತ್ತಾರೆ. ಸುಮೊ ಬಗ್ಗೆ ಹೊರಗಿನವರು ಮಾಡುವ ಮೊದಲ ಜೋಕ್ ಮೈಯ ಗಾತ್ರದ್ದು. ಅತ್ಯಂತ ವಿಚಿತ್ರವಾಗಿ ಕಾಣುವ ಪ್ರಾಣಿ ಕಾಮೆಂಟ್ರಿ ಕುರ್ಚಿಯಲ್ಲೇ ಕೂತಿರುವಾಗ ಆ ಜೋಕಿಗೆ ಜಾಗ ಎಲ್ಲಿ?

ತಕರಾರೂ ಇದೆ. ವ್ಯಂಗ್ಯಚಿತ್ರಕಾರ ಯಾಕು ಮಿತ್ಸುರು ಜೊತೆ ಸೇರಿ ಡೀಮನ್ ಒಂದು ಪುಸ್ತಕ ತಂದರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ನಮ್ಮಷ್ಟಕ್ಕೆ ನಾವೇ ಮಾಡಿಕೊಂಡ ಸುಮೊ ಪರಿಶೀಲನಾ ಮಂಡಳಿ’ ಅಂತೇನೋ ಆಗುತ್ತೆ. ಗುರಿ ಯಾರು ಅಂತ ಜಪಾನೀಯರಿಗೆ ತಕ್ಷಣ ಗೊತ್ತಾಗುತ್ತೆ. ನಿಜವಾದ ಮಂಡಳಿಯೊಂದಿದೆ, ಯೊಕೊಜುನಾ ಪರಿಶೀಲನಾ ಮಂಡಳಿ. ಸುಮೊದ ಅತ್ಯುನ್ನತ ಪದವಿಗೆ ಯಾರು ಅರ್ಹ ಅಂತ ಸಲಹೆ ಕೊಡುವ ಗಣ್ಯರ ಕೂಟ. ಹೆಸರಿಟ್ಟ ಚುರುಕು ನನಗೆ ಇಷ್ಟ. ಆದರೆ ತನಗೆ ತಾನೇ ಕೊಟ್ಟುಕೊಂಡ ಮಂಡಳಿಯಲ್ಲಿ ಯಾರಿಗೂ ಉತ್ತರ ಹೇಳಬೇಕಿಲ್ಲ. ನಿಜವಾದ ಮಂಡಳಿಯೊಳಗೆ ಹೋಗಿ ಕೂತ ಕಲಾವಿದ ಅಭಿಮಾನಿಗೆ ಏನಾಯಿತು ಅನ್ನೋದು ಇದಕ್ಕಿಂತ ದೊಡ್ಡ ಕತೆ.

ಅವರು ಉಚಿದಾತೆ ಮಕಿಕೊ. ಟೀವಿ ನಾಟಕಗಳ ಲೇಖಕಿ. ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿ ‘ಹಿರಾರಿ’ ಅವರದ್ದೇ. 1992ರಲ್ಲಿ ಶುರುವಾದ ಅದರ ನಾಯಕಿ ಸುಮೊ ಹುಚ್ಚಿನ ಹುಡುಗಿ. 2000ದಲ್ಲಿ ಆ ಮಂಡಳಿಯ ಮೊದಲ ಮಹಿಳಾ ಸದಸ್ಯೆಯಾದರು. ಬರೀ ಅಲಂಕಾರಕ್ಕೆ ಕೂತವರಲ್ಲ. ತೊಹೊಕು ವಿಶ್ವವಿದ್ಯಾಲಯ ಸೇರಿ ಹೆಂಗಸರು ಸುಮೊ ಕಣ ಯಾಕೆ ಹತ್ತುವಂತಿಲ್ಲ ಅಂತ ಸಂಶೋಧನೆ ಮಾಡಿದರು, ಪುಸ್ತಕ ಬರೆದರು, ಅಲ್ಲಿನ ಸುಮೊ ಕ್ಲಬ್ಬಿನ ಉಸ್ತುವಾರಿ ಹೊತ್ತರು. ಮಂಗೋಲಿಯಾದ ಯೊಕೊಜುನಾ ಅಸಶೋರ್ಯುವಿನ ನಡತೆಯನ್ನು ಅವರಷ್ಟು ಕಟುವಾಗಿ ಟೀಕಿಸಿದವರು ಕಮ್ಮಿ. 2007ರಲ್ಲಿ ಗಾಯದ ಕಾರಣ ಕೊಟ್ಟು ಪ್ರವಾಸ ತಪ್ಪಿಸಿಕೊಂಡು ಊರಲ್ಲಿ ಫುಟ್‌ಬಾಲ್ ಆಡುತ್ತಾ ಸಿಕ್ಕಿಬಿದ್ದ ಅಸಶೋರ್ಯುವನ್ನು ಎರಡು ಟೂರ್ನಿಗೆ ಅಮಾನತು ಮಾಡಿದರಲ್ಲ, ಆ ಕಾಲ. ಇಬ್ಬರೂ ಕಣದಿಂದ ದೂರವಾದದ್ದು 2010ರ ಆರಂಭದಲ್ಲೇ: ಒಬ್ಬರದ್ದು ಅವಧಿ ಮುಗಿದು, ಇನ್ನೊಬ್ಬರದ್ದು ನಿವೃತ್ತಿ.

ಆದರೆ ಹೆಂಗಸರ ನಿಷೇಧದ ಪ್ರಶ್ನೆ ಬಂದಾಗ ಉಚಿದಾತೆ ನಿಂತದ್ದು ನಿಷೇಧದ ಪರ. ಸ್ಥೂಲವಾಗಿ ಅವರ ವಾದ ಇದು: ಕಣ ಅನ್ನೋದು ಗಡಿ ಹಾಕಿದ ಪವಿತ್ರ ಜಾಗ; ಸಂಪ್ರದಾಯವನ್ನು ಹೊತ್ತವರೇ ಅದರ ಬಗ್ಗೆ ತೀರ್ಮಾನಿಸಬೇಕು; ಸಮಾನತೆ ಅಂತ ಎಲ್ಲ ಕಡೆ ಒಂದೇ ರೋಲರ್ ಓಡಿಸಬಾರದು. ಈ ವಾದವನ್ನು ಮೂದಲಿಸಿ ತಳ್ಳಿಹಾಕೋದು ಸುಲಭ, ನಾನು ಹಾಗೆ ಮಾಡಲ್ಲ. ಓದಿ, ಅಲೆದು, ಕೇಳಿ ಕಟ್ಟಿದ ವಾದ. ನಮ್ಮ ದೇವಸ್ಥಾನಗಳ ಜಗಳದಲ್ಲಿ ಇಷ್ಟು ಓದಿಕೊಂಡು ಮಾತಾಡಿದವರು ಸಿಕ್ಕಿದ್ದು ಅಪರೂಪ.

ಆದರೂ ಒಪ್ಪೋಕೆ ಆಗಲ್ಲ. ಪ್ರಸಾರದ ಅನುಕೂಲಕ್ಕೆ ಕಾಲದ ಮಿತಿ ಬಂತು, ಗೆರೆ ಬಂತು, ನೋಡುಗರ ಅನುಕೂಲಕ್ಕೆ ಕಂಬ ಹೋಯಿತು. ತೀರ್ಪುಗಾರ ಈಗ ಹಾಕುವ ಪುರಾತನ ದಿರಿಸು ಬಂದದ್ದು 1910ರಲ್ಲಿ. ‘ರಾಷ್ಟ್ರೀಯ ಕ್ರೀಡೆ’ ಅನ್ನೋ ಬಿರುದು ಅಂಟಿದ್ದು 1909ರಲ್ಲಿ ಕಟ್ಟಿದ ಕೊಕುಗಿಕಾನ್ ಕಟ್ಟಡದ ಹೆಸರಿಂದ. ಎದೊ ಕಾಲದ ಅಧಿಕೃತ ಸುಮೊವನ್ನು ಹೆಂಗಸರು ಕೂತು ನೋಡುವ ಹಾಗೂ ಇರಲಿಲ್ಲ. ಆ ಬಾಗಿಲು ತೆರೆದದ್ದು 1870ರ ದಶಕದಲ್ಲಿ. ಅಷ್ಟೆಲ್ಲ ಬದಲಾದಾಗ ಕೆಡದ ಮಡಿ ಒಬ್ಬ ಹೆಂಗಸಿನ ಪಾದದಿಂದ ಕೆಡುತ್ತೆ ಅಂದರೆ ಅದು ಇತಿಹಾಸದ ಮಾತಲ್ಲ, ಆಯ್ಕೆಯ ಮಾತು. ಉಚಿದಾತೆಯವರಿಗೆ ಇದೆಲ್ಲ ನನಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಯೊಕೊಜುನಾ ಯಾರಾಗಬೇಕು ಅನ್ನೋದಕ್ಕೆ ಅವರ ಅಭಿಪ್ರಾಯ ಬೇಕಿತ್ತು. ಅದೇ ಯೊಕೊಜುನಾ ನಿಲ್ಲುವ ಮಣ್ಣನ್ನು ಅವರು ಮೆಟ್ಟುವ ಹಾಗಿರಲಿಲ್ಲ. ಒಳಗೆ ಸೇರಿಸಿಕೊಂಡ ಬಳಗಕ್ಕೆ ಅಭಿಮಾನಿ ಕೊಟ್ಟ ಬೆಲೆ ಇದೇನಾ ಅಂತ ನನಗೆ ಅನುಮಾನ.

2018ರ ಏಪ್ರಿಲ್ 4ರಂದು ಮೈಜುರು ಊರಿನ ಪ್ರದರ್ಶನದಲ್ಲಿ ಭಾಷಣ ಮಾಡುತ್ತಿದ್ದ ಮೇಯರ್ ಕಣದ ಮೇಲೇ ಕುಸಿದರು. ಪ್ರೇಕ್ಷಕರಲ್ಲಿದ್ದ ಹೆಂಗಸರು ಓಡಿಬಂದು ಎದೆ ಒತ್ತತೊಡಗಿದರು. ಧ್ವನಿವರ್ಧಕದಲ್ಲಿ ತೀರ್ಪುಗಾರನ ದನಿ: ಹೆಂಗಸರು ದಯವಿಟ್ಟು ಕಣದಿಂದ ಇಳಿಯಬೇಕು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮೇಯರ್ ಬದುಕಿಕೊಂಡರು. ಸುಮೊ ಸಂಘದ ಮುಖ್ಯಸ್ಥ ಹಕ್ಕಾಕು, ಜೀವ ಹೋಗುವ ಹೊತ್ತಲ್ಲಿ ಅದು ಸರಿಯಾದ ನಡೆ ಆಗಿರಲಿಲ್ಲ ಅಂತ ಕ್ಷಮೆ ಕೇಳಿದರು. ಎರಡು ದಿನ ಬಿಟ್ಟು ತಕರಾಜುಕ ಊರಿನ ಮೇಯರ್ ನಕಗಾವ ತೊಮೊಕೊ, ಹೆಣ್ಣುಮಗಳು, ಕಣದ ಕೆಳಗೆ ನಿಂತೇ ಭಾಷಣ ಮಾಡಬೇಕಾಯಿತು.

ಚಿತ್ರಕಲಾವಿದೆ ಲಿನ್ ಮತ್ಸುಓಕ ನೆನಪಾಗುತ್ತಾರೆ. ಅಮೆರಿಕದವರು, ಜಪಾನಿಗೆ ಬಂದು ದಶಕಗಳ ಕಾಲ ಸುಮೊ ಪೈಲ್ವಾನರನ್ನೂ ಕಬುಕಿ ನಟರನ್ನೂ ಚಿತ್ರಿಸಿದವರು. ಅವರ ಚಿತ್ರಗಳಲ್ಲಿ ನನ್ನ ಕಣ್ಣು ನಿಲ್ಲೋದು ಢಿಕ್ಕಿಯ ಮೇಲಲ್ಲ, ಚೌಕಿಯ ಮೇಲೆ: ಜುಟ್ಟು ಕಟ್ಟಿಸಿಕೊಳ್ಳುತ್ತಾ, ಸುಮ್ಮನೆ ಕೂತು ಸರದಿ ಕಾಯುವ ಆಳುಗಳು. ಹೈಲೈಟ್ಸ್ ಕತ್ತರಿಸಿ ಬಿಸಾಕುವ ಹೊತ್ತೆಲ್ಲ ಅಲ್ಲಿ ಸಿಗುತ್ತೆ. ಕಣ ಹತ್ತದೆಯೂ ಸುಮೊವನ್ನು ಇಷ್ಟು ಹತ್ತಿರದಿಂದ ನೋಡಬಹುದು ಅನ್ನೋದಕ್ಕೆ ಇದನ್ನು ಸಾಕ್ಷಿ ಮಾಡಬಹುದು. ಹಾಗಾದರೆ ಹತ್ತಬೇಕಾದ್ದೇನು ಅಂತ ಯಾರಾದರೂ ಕೇಳಬಹುದು. ಆ ಪ್ರಶ್ನೆಯನ್ನು ಮೈಜುರುವಿನಲ್ಲಿ ಎದೆ ಒತ್ತುತ್ತಿದ್ದವರ ಮುಂದೆ ಇಡಬೇಕು.

ಪ್ರಸಾರಕರಿಗೆ ಸುಮೊವನ್ನು ಪ್ರಶ್ನಿಸುವ ತಾಕತ್ತು ಇಲ್ಲ ಅಂತಲ್ಲ. 2010ರ ಜುಲೈಯಲ್ಲಿ ಬೇಸ್‌ಬಾಲ್ ಜೂಜಿನ ಹಗರಣ ಸಿಡಿದಾಗ ಎನ್‌ಎಚ್‌ಕೆ ನಗೊಯಾ ಟೂರ್ನಿಯ ನೇರಪ್ರಸಾರವನ್ನೇ ನಿಲ್ಲಿಸಿತು. 1953ರಲ್ಲಿ ಟೀವಿ ಶುರುವಾದ ಮೇಲೆ ಅದು ಮೊದಲು. ಮರುವರ್ಷ ಪಂದ್ಯ ಮಾರಿಕೊಂಡ ಹಗರಣಕ್ಕೆ ಮಾರ್ಚ್ ಟೂರ್ನಿಯೇ ರದ್ದಾಯಿತು. ಕ್ಯಾಮೆರಾ ಆರಿಸಿದರೆ ಸಂಘಕ್ಕೆ ನಡುಕ ಹುಟ್ಟುತ್ತೆ ಅಂತ ಎಲ್ಲರಿಗೂ ಗೊತ್ತು. ಜೂಜಿಗೆ ಆರಿಸಿದರು.

ಒಸಾಕಾದಲ್ಲಿ ಪ್ರತಿ ಮಾರ್ಚ್ ಟೂರ್ನಿ ನಡೆಯುತ್ತೆ. ಗೆದ್ದವನಿಗೆ ಅಲ್ಲಿನ ಗವರ್ನರ್ ಹೆಸರಲ್ಲಿ ಒಂದು ಬಹುಮಾನ. 2000ದಿಂದ 2008ರವರೆಗೆ ಗವರ್ನರ್ ಆಗಿದ್ದವರು ಓತ ಫುಸಾಎ, ಮಹಿಳೆ. ತಾನೇ ಹತ್ತಿ ಕೊಡುತ್ತೇನೆ ಅಂದರು, ಸಂಘ ಬೇಡ ಅಂದಿತು, ಬದಲಿಗೆ ಗಂಡಸೊಬ್ಬರು ಹೋಗಿ ಕೊಟ್ಟರು. ಕೊನೆಯ ದಿನದ ಕೊನೆಯ ಪಂದ್ಯ, ಎದುರುಬದುರು ಇಬ್ಬರು, ಉಪ್ಪು, ಮುಷ್ಟಿ, ಮತ್ತೆ ಉಪ್ಪು. ಕಾಮೆಂಟ್ರಿ ಕುರ್ಚಿಯಲ್ಲಿ ಒಂದು ಲಕ್ಷ ವರ್ಷ ವಯಸ್ಸಿನ, ಯಾರಿಗೂ ಹೆದರಬೇಕಿಲ್ಲದ ರಾಕ್ಷಸನನ್ನು ನಾನು ಕೂರಿಸಬೇಕು ಅಂದರೆ ಆ ಸಂಜೆಯೇ ಕೂರಿಸುತ್ತೇನೆ. ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಇರುತ್ತೆ.